ಮುಂದಿನ ಗಾಲಿಯ ಮೇಲೆ ಇಳಿಯುವುದು: ಅನುಭವವಿದ್ದವರು ದಯವಿಟ್ಟು ತಿಳಿಸಿ

ನವನಗರ, ಹುಬ್ಬಳ್ಳಿ (ಕೇಳಿದವರು):
ನನ್ನದು 26 ಇಂಚಿನ ಗಾಲಿಯ ಟ್ರಯಲ್ಸ್ ಸೈಕಲ್, ಅಂದರೆ ಕಲ್ಲು-ಕಟ್ಟೆಗಳ ಮೇಲೆ ನೆಗೆದು ಹತ್ತುವ ಆಟದ ಸೈಕಲ್. ಹಿಂದಿನ ಗಾಲಿಯ ಮೇಲೆ ನಿಂತು ಕುಪ್ಪಳಿಸುವುದು, ಪೆಡಲ್ ಒದ್ದು ಒಂದು ಮೀಟರ್ ಅಂತರ ದಾಟುವುದು ಕೈಗೂಡಿದೆ. ಆದರೆ ಕಟ್ಟೆಯ ಮೇಲೆ ಮುಂದಿನ ಗಾಲಿಯನ್ನು ಮೊದಲು ಊರಿ, ಅದರ ಆಧಾರದಿಂದ ಹಿಂದಿನದನ್ನು ಎತ್ತಿಕೊಳ್ಳುವುದು ನಾಲ್ಕು ತಿಂಗಳಿಂದ ಆಗುತ್ತಿಲ್ಲ. ಕಟ್ಟೆ 70 ಸೆಂಟಿಮೀಟರ್ ಎತ್ತರವಿದೆ. ಹತ್ತು ಸಲ ನೆಗೆದರೆ ಏಳು ಸಲ ಗಾಲಿ ಅಂಚಿಗೆ ತಗುಲಿ ಹಿಂದಕ್ಕೆ ಉರುಳಿಬಿಡುತ್ತದೆ. ತಪ್ಪು ಕೈಯಲ್ಲಿದೆಯೋ ಬ್ರೇಕಿನಲ್ಲಿದೆಯೋ ತಿಳಿಯುತ್ತಿಲ್ಲ.

ಕೆಲಗೇರಿ, ಧಾರವಾಡ:
ತಪ್ಪು ಕೈಯಲ್ಲಿದೆ, ಇದನ್ನು ನಾನು 9,400 ರೂಪಾಯಿ ಕೊಟ್ಟು ಕಲಿತಿದ್ದೇನೆ. ಕಳೆದ ವರ್ಷ ಶ್ರಾವಣದಲ್ಲಿ ಕೆರೆಯ ಬದಿಯ ಕಲ್ಲಿನ ಮೇಲೆ ಇಳಿಯುವಾಗ ನನ್ನ ಎರಡೂ ಮೊಣಕೈಗಳು ಕೋಲಿನಂತೆ ನೆಟ್ಟಗಿದ್ದವು. ಗಾಲಿ ತಗುಲಿದ ಹೊಡೆತವೆಲ್ಲ ನೇರವಾಗಿ ಮಣಿಕಟ್ಟಿಗೆ ಬಂದಿತು. ಮೊದಲ ಎಕ್ಸ್‌-ರೇಯಲ್ಲಿ ಏನೂ ಕಾಣಲಿಲ್ಲ; ಉಳುಕು ಎಂದು ಹೇಳಿ ಮುಲಾಮು ಕೊಟ್ಟು ಕಳುಹಿಸಿದರು. ಹನ್ನೆರಡು ದಿನಗಳ ನಂತರವೂ ಹೆಬ್ಬೆರಳಿನ ಬುಡ ಒತ್ತಿದರೆ ಜೀವ ಹೋಗುವಂತಾಗುತ್ತಿದ್ದುದರಿಂದ ಮತ್ತೊಂದು ತೆಗೆಸಿದಾಗ, ಗೋಡಂಬಿಯ ಆಕಾರದ ಸ್ಕೇಫಾಯ್ಡ್ ಎಂಬ ಸಣ್ಣ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಆ ಮೂಳೆಗೆ ರಕ್ತ ಸರಿಯಾಗಿ ಹರಿಯದ ಕಾರಣ ಅದು ಕೂಡುವುದು ಬಹಳ ನಿಧಾನವಂತೆ. ಎರಡು ಎಕ್ಸ್‌-ರೇಗೆ 800, ಎರಡು ಸಲ ಹಾಕಿದ ಪ್ಲಾಸ್ಟರಿಗೆ 3,200, ಹದಿನೆಂಟು ದಿನದ ಫಿಜಿಯೋಥೆರಪಿಗೆ ದಿನಕ್ಕೆ 300ರಂತೆ 5,400. ಒಂಬತ್ತು ವಾರ ಎಡಗೈಯಲ್ಲಿ ಊಟ ಮಾಡಿದೆ. ಅದಕ್ಕಾಗಿ ಅಜ್ಜಿಯಿಂದ ಬೈಸಿಕೊಂಡದ್ದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಈಗ ನಾನು ಮಾಡುವುದು ಹೀಗೆ. ಗಾಳಿಯಲ್ಲಿರುವಾಗ ಹ್ಯಾಂಡಲನ್ನು ಮುಂದಕ್ಕೆ ಚಾಚಿ ಅಂಚನ್ನು ಹುಡುಕುತ್ತೇನೆ, ಸೊಂಟ ಹಿಂದೆಯೇ ಇರುತ್ತದೆ. ಟಯರ್ ಕಲ್ಲಿಗೆ ತಗುಲಿದ ಕ್ಷಣ ಮೊಣಕೈ ಸಡಿಲ ಬಿಟ್ಟು ಮಡಚಲು ಅವಕಾಶ ಕೊಡುತ್ತೇನೆ. ಭಾರವೆಲ್ಲ ಗಾಲಿಯ ಮೇಲೆ ಕುಳಿತ ನಂತರವೇ ಎದೆಯನ್ನು ಹ್ಯಾಂಡಲಿನ ಮೇಲೆ ತಂದು ಮಂಡಿಗಳನ್ನು ಮೇಲಕ್ಕೆ ಸೆಳೆಯುತ್ತೇನೆ. ಸರಿಯಾಗಿ ಇಳಿದರೆ ‘ಧಪ್’ ಎಂದು ಮೆತ್ತನೆಯ ಸದ್ದು ಬರುತ್ತದೆ. ‘ಠಣ್’ ಎಂದರೆ ರಿಮ್ ಬಡಿಯಿತು, ಟ್ಯೂಬಿಗೆ ಎರಡು ತೂತು ಬಿದ್ದಿತೆಂದೇ ತಿಳಿಯಿರಿ.

ಬೆಟಗೇರಿ:
ಧಾರವಾಡದವರ ಮೊಣಕೈ ಪುರಾಣವನ್ನು ಓದಿದೆ. ಮುಂದಿನ ಬ್ರೇಕ್ ಜಾರಿದರೆ ಯಾವ ಮೊಣಕೈ ಏನು ಮಾಡೀತು? ಅಂಚಿನ ಮೇಲೆ ಕುಳಿತ ಗಾಲಿ ಅರ್ಧ ಇಂಚು ಉರುಳಿದರೂ ಸವಾರ ಕೆಳಗೆ ಬಿದ್ದಂತೆಯೇ. ನನ್ನದು ಮಗುರಾ ಎಚ್‌ಎಸ್33 ಹೈಡ್ರಾಲಿಕ್ ರಿಮ್ ಬ್ರೇಕ್, ಎಣ್ಣೆಯ ಒತ್ತಡದಿಂದ ಪ್ಯಾಡುಗಳು ರಿಮ್ಮಿನ ಬದಿಯನ್ನು ಹಿಡಿಯುವಂಥದ್ದು. ರಿಮ್ಮಿನ ಬದಿ ನುಣುಪಾಗಿದ್ದಷ್ಟು ದಿನ ನಾನು ಒಮ್ಮೆಯೂ ಸರಿಯಾಗಿ ನಿಲ್ಲಲಿಲ್ಲ. ಗೆಳೆಯನ ವೆಲ್ಡಿಂಗ್ ಅಂಗಡಿಯಲ್ಲಿ ಗ್ರೈಂಡರ್ ಹಿಡಿದು, ಗಾಲಿಯನ್ನು ನಿಧಾನವಾಗಿ ತಿರುಗಿಸುತ್ತ, ರಿಮ್ಮಿನ ಎರಡೂ ಬದಿಗೆ ಓರೆ ಗೀರುಗಳನ್ನು ಹಾಕಿದೆ. ಅಂದೇ ಸಂಜೆ ಒಂದು ಬೆರಳಿನಲ್ಲಿ ಹಿಡಿದರೂ ಗಾಲಿ ಕಲ್ಲಿಗೆ ಕಚ್ಚಿಕೊಂಡಿತು.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಗೀರಿದ ರಿಮ್ ಪ್ಯಾಡನ್ನು ಕೊಬ್ಬರಿ ತುರಿದಂತೆ ತುರಿಯುತ್ತದೆ. ಒಂದು ಜೊತೆಗೆ 1,900 ರೂಪಾಯಿ, ತರಿಸುವ ಖರ್ಚು 1,150, ಮೇಲೆ ಸುಂಕ 840. ಅದು ಐದು ತಿಂಗಳಿಗೆ ಮುಗಿಯಿತು. ಕಪ್ಪತಗುಡ್ಡದ ಕಡೆ ಹೋಗಿ ಬಂದರೆ ಕೆಂಪು ಧೂಳು ಗೀರಿನಲ್ಲಿ ತುಂಬಿ ಬ್ರೇಕ್ ಮತ್ತೆ ಜಾರತೊಡಗುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಗೀರನ್ನು ಉಜ್ಜಬೇಕು. ಮೂರನೆಯ ಸಲ ಗ್ರೈಂಡರ್ ಹಿಡಿದಾಗ ಬದಿ ತೆಳುವಾದದ್ದನ್ನು ಗಮನಿಸಲಿಲ್ಲ, ಒಂದು ಇಳಿತದಲ್ಲಿ ರಿಮ್ ಸೀಳಿತು. ಹೊಸದಕ್ಕೆ 7,800. ಆದರೂ ಗೀರುವುದನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಕೆಲಗೇರಿ, ಧಾರವಾಡ:
ಮುರಿದ ಮೂಳೆಯನ್ನು ಪುರಾಣ ಎಂದದ್ದು ನನಗೆ ಹಿಡಿಸಲಿಲ್ಲ. ರಿಮ್ ಸೀಳಿಕೊಂಡವರು ಇನ್ನೊಬ್ಬರಿಗೆ ಗ್ರೈಂಡರ್ ಹಿಡಿಯಿರಿ ಎಂದು ಹೇಳುವುದು ಹೇಗೆ ಸರಿಯಾಗುತ್ತದೆ? ಬ್ರೇಕ್ ಎಷ್ಟು ಕಚ್ಚುತ್ತದೆ ಎನ್ನುವುದಕ್ಕಿಂತ ಯಾವಾಗ ಹಿಡಿಯುತ್ತೀರಿ ಎಂಬುದು ಮುಖ್ಯ. ಗಾಳಿಯಲ್ಲಿರುವಾಗಲೇ ಪೂರ್ತಿ ಹಿಡಿದಿರಬೇಕು. ತಗುಲಿದ ಮೇಲೆ ಹಿಡಿದರೆ ಗಾಲಿ ಆಗಲೇ ತಿರುಗಿರುತ್ತದೆ, ಗೀರಿದ ರಿಮ್ಮೂ ಅದನ್ನು ತಡೆಯಲಾರದು.

ಬೆಟಗೇರಿ:
ಗಾಳಿಯಲ್ಲಿ ಹಿಡಿಯಬೇಕೆಂಬುದು ನಮಗೆ ಗೊತ್ತಿಲ್ಲವೆಂದು ಭಾವಿಸಿದಿರೇನು? ಅದು ಮೊದಲ ವಾರದ ಪಾಠ. ನುಣುಪು ರಿಮ್ಮಿನಲ್ಲಿ ನೀವು ಗಾಳಿಯಲ್ಲಿ ಹಿಡಿಯಿರಿ, ಮನೆಯಲ್ಲಿಯೇ ಹಿಡಿದುಕೊಂಡು ಬನ್ನಿ, ಭಾರ ಬಿದ್ದರೆ ಅದು ಜಾರುತ್ತದೆ. ನಿಮ್ಮದು ಡಿಸ್ಕ್ ಬ್ರೇಕ್ ಇರಬೇಕು, ಅದಕ್ಕೇ ಈ ಧೈರ್ಯ.

ಬ್ಯಾಡಗಿ:
ಇಬ್ಬರೂ ಹಿರಿಯರು ಜಗಳ ನಿಲ್ಲಿಸಬೇಕು. 26 ಇಂಚು ಕೊಂಡದ್ದೇ ಮೊದಲ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ಪೇನಿನ ಕ್ಯಾಟಲೋನಿಯಾದಲ್ಲಿ ಮೋಟರ್‌ಸೈಕಲ್ ಟ್ರಯಲ್ಸ್ ಸವಾರ ಪೆರೆ ಪಿ ತನ್ನ ಮಗ ಓಟ್‌ನಿಗೆ ಅದೇ ಆಟವನ್ನು ಸಣ್ಣ ಸೈಕಲ್ಲಿನ ಮೇಲೆ ಕಲಿಸಿದ್ದರಿಂದ ಈ ಕ್ರೀಡೆ ಬೆಳೆಯಿತು. ನಾನು 20 ಇಂಚಿನದನ್ನು ಬೆಂಗಳೂರಿನವರೊಬ್ಬರಿಂದ 38,000ಕ್ಕೆ ಕೊಂಡು, ಬಸ್ಸಿನ ಮೇಲೆ ಹೇರಿಸಿ ತಂದೆ. ಅದು ಗಿಡ್ಡ, ಗಟ್ಟಿ, ಹೇಳಿದಂತೆ ಕೇಳುತ್ತದೆ.

ಮೊದಲು ನಾನೂ ಮಾರುಕಟ್ಟೆಯ ಮೆಣಸಿನಕಾಯಿ ಚೀಲ ಇಳಿಸುವ ಕಟ್ಟೆಗೆ ಹೋಗಿ ಸೋತೆ. ಅದರ ಅಂಚಿಗೆ ಕಬ್ಬಿಣದ ಪಟ್ಟಿಯಿದ್ದು, ಲಕ್ಷ ಚೀಲ ಎಳೆದೆಳೆದು ಗಾಜಿನಂತೆ ನುಣುಪಾಗಿದೆ. ಜಾರಿ ಪೆಡಲ್ ಮುಂಗಾಲಿಗೆ ಬಡಿದು ಆರು ಹೊಲಿಗೆ ಬಿದ್ದವು. ಅಪ್ಪ ಗಾಯ ನೋಡಿ, “ಎರಡ ಗಾಲಿ ಅದಾವಲ್ಲೋ, ಒಂದರ ಮ್ಯಾಲ ಯಾಕ ಕುಣೀತಿ?” ಎಂದರು. ಆಮೇಲೆ ಸರಕು ಪೇರಿಸಲು ಬಳಸುವ ಹಲಗೆ ಚೌಕಟ್ಟುಗಳನ್ನು, ಅಂದರೆ ಹಳೆಯ ಮರದ ಪ್ಯಾಲೆಟ್‌ಗಳನ್ನು ತಂದೆ, ಒಂದೊಂದೂ 14 ಸೆಂಟಿಮೀಟರ್. ಮೂರನ್ನು ಪೇರಿಸಿ, ನೆಗೆಯದೆಯೇ ಮುಂದಿನ ಗಾಲಿಯನ್ನು ಕೈಯಿಂದ ಮೇಲಿಟ್ಟೆ. ಗಾಲಿಯ ನಡುವಿನ ಅಚ್ಚು ಕಟ್ಟೆಯ ಅಂಚನ್ನು ನಾಲ್ಕು ಬೆರಳಿನಷ್ಟು ದಾಟಿರುವಂತೆ ನೋಡಿಕೊಂಡು, ಬ್ರೇಕ್ ಹಿಡಿದು, ಹಿಂದಿನ ಗಾಲಿ ಎತ್ತುವ ಅರ್ಧವನ್ನು ಮಾತ್ರ ಒಂದು ತಿಂಗಳು ಅಭ್ಯಾಸ ಮಾಡಿದೆ. ನೆಗೆತವನ್ನು ಆ ಮೇಲೆ ಸೇರಿಸಿದೆ. ಐದನೆಯ ಪ್ಯಾಲೆಟ್ ತಲುಪಲು ಏಳು ತಿಂಗಳು ಹಿಡಿಯಿತು.

ಬೆಟಗೇರಿ:
20 ಇಂಚಿನವರಿಗೆ ಯಾವಾಗಲೂ ಇದೇ ಗರ್ವ. 26ರ ಅಚ್ಚು ನೆಲದಿಂದ ಸುಮಾರು 33 ಸೆಂಟಿಮೀಟರ್ ಮೇಲಿರುತ್ತದೆ, ನಿಮ್ಮದು 25. ಅದೇ ಕಟ್ಟೆಗೆ ನೀವು ಹೆಚ್ಚು ಎತ್ತಬೇಕು. 2009ರ ವಿಡಿಯೊದಿಂದ ಜಗತ್ತಿಗೆಲ್ಲ ಪರಿಚಿತನಾದ ಸ್ಕಾಟ್ಲೆಂಡಿನ ಸವಾರ ಡ್ಯಾನಿ ಮೆಕ್ಯಾಸ್ಕಿಲ್ ಓಡಿಸಿದ್ದು 24 ಇಂಚು. ಹಾಗಾದರೆ ನಾವಿಬ್ಬರೂ ಮಾರಿಬಿಡೋಣವೇ?

ಮುಳಗುಂದ:
ಗದಗ, ವಿಜಯಪುರದ ಮಕ್ಕಳು ರಸ್ತೆಯಲ್ಲಿ ಬೆವರು ಸುರಿಸಿ ಪದಕ ತರುತ್ತಿದ್ದಾರೆ. ಕೂರಲು ಸೀಟೇ ಇಲ್ಲದ ವಾಹನವನ್ನು ಸೈಕಲ್ ಎಂದು ಕರೆಯುವುದು ಹೇಗೆ?

ಬ್ಯಾಡಗಿ:
ಕೂರಬೇಕೆನಿಸಿದರೆ ಮನೆಯಲ್ಲಿ ಕುರ್ಚಿ ಇರುತ್ತದೆ, ಸರ್.

ಕೆಲಗೇರಿ, ಧಾರವಾಡ:
ಬೆಟಗೇರಿಯವರೇ, ನನ್ನದು ಡಿಸ್ಕ್ ಅಲ್ಲ, ನಿಮ್ಮದೇ ಮಗುರಾ. ಗೀರಿಲ್ಲ, ಅಷ್ಟೇ. ನಿಮ್ಮಲ್ಲಿ ಪ್ಯಾಡ್ ಉಳಿದಿದ್ದರೆ ಒಂದು ಜೊತೆ ಕೊಳ್ಳುವೆ ಎಂದು ಕೇಳಬೇಕೆಂದಿದ್ದೆ, ಈಗ ಸಂಕೋಚವಾಗುತ್ತಿದೆ.

ನವನಗರ, ಹುಬ್ಬಳ್ಳಿ (ಕೇಳಿದವರು):
ಎಲ್ಲರಿಗೂ ನಮಸ್ಕಾರ. ತಂಗಿಯಿಂದ ಮೊಬೈಲಿನಲ್ಲಿ ವಿಡಿಯೊ ಮಾಡಿಸಿ ನಿಧಾನಗತಿಯಲ್ಲಿ ನೋಡಿದೆ. ಗಾಲಿ ತಗುಲಿದ ಮೇಲೆಯೇ ನನ್ನ ಬೆರಳು ಬ್ರೇಕ್ ಹಿಡಿಯುತ್ತಿದೆ, ಅಚ್ಚೂ ಅಂಚನ್ನು ದಾಟುತ್ತಿಲ್ಲ. ಆರಂಭಕ್ಕೆ 70 ಸೆಂಟಿಮೀಟರ್ ಹೆಚ್ಚಾಯಿತೇ?

ಬೆಟಗೇರಿ:
ಎಪ್ಪತ್ತೇ? ತಮ್ಮಾ, ಅದನ್ನು ಮೊದಲೇ ಹೇಳಬಾರದಿತ್ತೇ?

ಬ್ಯಾಡಗಿ:
ಮೊದಲೇ ಹೇಳಿದ್ದಾರೆ. ನಾವು ಯಾರೂ ಓದಲಿಲ್ಲ.

ಬೆಟಗೇರಿ:
ಸರಿ, ಬ್ಯಾಡಗಿಯವರ ಮೂರು ಪ್ಯಾಲೆಟ್‌ನಷ್ಟು, 42ಕ್ಕೆ ಇಳಿಸು. ಕೆಲಗೇರಿಯವರೇ, ಎರಡು ಜೊತೆ ಪ್ಯಾಡ್ ಇವೆ. ಒಂದನ್ನು 1,900ಕ್ಕೇ ಕೊಡುತ್ತೇನೆ, ಸುಂಕ ನನ್ನ ಪಾಲಿಗಿರಲಿ. ನುಣುಪು ರಿಮ್ಮಿಗೆ ಅವು ವ್ಯರ್ಥ ಎಂಬುದನ್ನು ಮಾತ್ರ ಮತ್ತೊಮ್ಮೆ ಹೇಳುತ್ತೇನೆ.