ವಿಂಡೋಸ್ 10 ಮುಗೀತಲ್ಲ, ಡಿಟಿಪಿ ಅಂಗಡಿಯ ಹಳೆ ಕಂಪ್ಯೂಟರಿಗೆ ಈಗ ಏನು ಹಾಕಲಿ?

ಡಿಟಿಪಿ ಅಕ್ಕ, ತಿಪಟೂರು

ಎಲ್ಲರಿಗೂ ನಮಸ್ಕಾರ. ತಿಪಟೂರಿನಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. 2007ರಲ್ಲಿ ಶುರು ಮಾಡಿದ್ದು. ಮದುವೆ ಕಾರ್ಡು, ತಿಥಿ ಕಾರ್ಡು, ಶಾಲೆಯ ಪ್ರಶ್ನೆಪತ್ರಿಕೆ, ಕೊಬ್ಬರಿ ಮಂಡಿಯವರ ಬಿಲ್ ಪುಸ್ತಕ, ಪಹಣಿ ಪ್ರಿಂಟು. ಇಷ್ಟೇ ನಮ್ಮ ಪ್ರಪಂಚ.

ಅಂಗಡಿಯಲ್ಲಿ ಎರಡು ಕಂಪ್ಯೂಟರ್ ಇವೆ. ಒಂದು 2015ರಲ್ಲಿ ತಗೊಂಡಿದ್ದು. ಐ3 ಪ್ರೊಸೆಸರ್, ಫೋರ್ತ್ ಜೆನ್ (ನಾಲ್ಕನೇ ತಲೆಮಾರಿನದು), 4 ಜಿಬಿ ರ್‍ಯಾಮ್, ವಿಂಡೋಸ್ 10. ಇನ್ನೊಂದು ಅದಕ್ಕಿಂತ ಹಳೆಯದು, ವಿಂಡೋಸ್ 7. ಅದರಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್ ಮತ್ತು ಕನ್ನಡ ಟೈಪ್ ಮಾಡುವ ನುಡಿ ಬಿಟ್ಟು ಬೇರೇನೂ ಇಲ್ಲ. ಯಾರೂ ಮುಟ್ಟಬಾರದು ಅಂತ ಮಾನಿಟರ್ ಮೇಲೆ ಚೀಟಿ ಅಂಟಿಸಿದ್ದೇನೆ.

ತೊಂದರೆ ಬಂದಿರುವುದು ಮೊದಲನೆಯದಕ್ಕೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಅಪ್‌ಡೇಟ್ ನಿಂತಿತು. 11 ಹಾಕೋಣ ಅಂದರೆ ಈ ಕಂಪ್ಯೂಟರಿಗೆ ಆಗುವುದಿಲ್ಲ ಅಂತ ತೋರಿಸುತ್ತಿದೆ. ಆದರೆ ಕಂಪ್ಯೂಟರ್ ಕೆಟ್ಟಿಲ್ಲ! ದಿನಕ್ಕೆ ಹತ್ತು ಗಂಟೆ ಓಡುತ್ತದೆ. ಫ್ಯಾನ್ ಮಾತ್ರ ಹಿಟ್ಟಿನ ಗಿರಣಿ ಥರ ಸದ್ದು ಮಾಡುತ್ತದೆ, ಅಷ್ಟೇ.

ಹಾಗೇ ಬಿಡಬಹುದಿತ್ತು. ಆದರೆ ಒಂದು ಸಲ ಕೈ ಸುಟ್ಟುಕೊಂಡಿದ್ದೇನೆ. 2014ರ ಏಪ್ರಿಲ್‌ನಲ್ಲಿ ಎಕ್ಸ್‌ಪಿ ಮುಗಿದಾಗಲೂ "ಏನಾಗುತ್ತೆ ಬಿಡು" ಅಂದುಕೊಂಡು ಓಡಿಸಿದ್ದೆ. ಮುಂದಿನ ವರ್ಷ ಯಾರದೋ ಪೆನ್‌ಡ್ರೈವ್‌ನಿಂದ ಶಾರ್ಟ್‌ಕಟ್ ವೈರಸ್ ಬಂತು. ಎಲ್ಲ ಫೋಲ್ಡರೂ ಒಂದು ಕೆಬಿಯ ಶಾರ್ಟ್‌ಕಟ್ ಆಗಿ ಕೂತವು. ರಿಪೇರಿಯವರು ಫಾರ್ಮ್ಯಾಟ್ ಹೊಡೆದರು. ಏಳೆಂಟು ವರ್ಷದ ಕಾರ್ಡಿನ ಡಿಸೈನ್ ಎಲ್ಲ ಹೋಯಿತು. ಆವತ್ತು ರಾತ್ರಿ ಊಟ ಸೇರಲಿಲ್ಲ.

ಈಗ ಮೂರು ಜನ ಮೂರು ಮಾತು ಹೇಳುತ್ತಿದ್ದಾರೆ. ಕಂಪ್ಯೂಟರ್ ಮಾರುವವರು ಹೊಸದು ತಗೊಳ್ಳಿ ಅಂತಾರೆ. ಎಂಜಿನಿಯರಿಂಗ್ ಓದುವ ಅಣ್ಣನ ಮಗ "ವಿಂಡೋಸ್ ಬದಲು ಲಿನಕ್ಸ್ ಹಾಕಿಬಿಡು ಅತ್ತೆ, ಫ್ರೀ" ಅಂತಾನೆ. ಬೆಂಗಳೂರಿನ ತಂಗಿ "ಆಪಲ್‌ನವರ ಮ್ಯಾಕ್ ತಗೋ ಅಕ್ಕ, ಹತ್ತು ವರ್ಷ ಚಿಂತೆ ಇಲ್ಲ" ಅಂತಾಳೆ. ಮೂವರೂ ಬಂದು ನನ್ನ ಅಂಗಡಿಯಲ್ಲಿ ಒಂದು ದಿನ ಕೂತವರಲ್ಲ.

ನುಡಿಯಲ್ಲಿ ಟೈಪ್ ಮಾಡಿದ ಹಳೆ ಫೈಲುಗಳು ಲಿನಕ್ಸ್‌ನಲ್ಲೋ ಮ್ಯಾಕ್‌ನಲ್ಲೋ ತೆರೆಯುತ್ತವಾ? ಪ್ರಿಂಟರ್ ಓಡುತ್ತಾ? ಊರಲ್ಲಿ ಎಲ್ಲರ ಹತ್ತಿರ ವಿಂಡೋಸ್ ಇರುವಾಗ ನಾನೊಬ್ಬಳೇ ಬೇರೆ ಹಾಕಿಕೊಂಡರೆ, ಕೆಟ್ಟಾಗ ಯಾರನ್ನು ಕರೆಯಲಿ?

ರಿಪೇರಿ ಗದಗ

ಅಕ್ಕಾರೇ, ನಾನು ಹಾರ್ಡ್‌ವೇರ್ ರಿಪೇರಿ ಮಾಡುವವನು. ಹೊಸದು ತಗೊಳ್ಳಿ ಅಂದರೆ ನನಗೇ ಲಾಭ. ಆದರೂ ಬೇಡ ಅಂತೀನಿ.

ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ ಎಂಟನೇ ಜೆನ್ ಅಥವಾ ಅದರ ಮೇಲಿನದು ಇರಬೇಕು. ನಿಮ್ಮದು ನಾಲ್ಕನೆಯದು. ರೂಫಸ್ ಅನ್ನುವ ಸಣ್ಣ ಪ್ರೋಗ್ರಾಂನಿಂದ ಪೆನ್‌ಡ್ರೈವ್ ಮಾಡಿದರೆ ಆ ತಪಾಸಣೆ ತಪ್ಪಿಸಿ 11 ಹಾಕಬಹುದು. ನಾನೇ ಬಹಳ ಮಂದಿಗೆ ಹಾಕಿಕೊಟ್ಟಿದ್ದೇನೆ. ಮುಂದೆ ಅಪ್‌ಡೇಟ್ ಬರುತ್ತದೆ ಅನ್ನುವ ಖಾತ್ರಿ ಮಾತ್ರ ಯಾರೂ ಕೊಡುವುದಿಲ್ಲ. 4 ಜಿಬಿಯಲ್ಲಿ 11 ಅಂದರೆ ಎತ್ತಿನ ಗಾಡಿಗೆ ಲಾರಿ ಲೋಡು ಹೇರಿದಂಗ.

ಇನ್ನೊಂದು ದಾರಿ ಇದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಹೆಸರು ನೋಂದಾಯಿಸಿದರೆ 10ಕ್ಕೇ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ. ಒಂದು ವರ್ಷ ಉಸಿರಾಡಬಹುದು.

ಯಾಕೆ ಎಲ್ಲರೂ ವಿಂಡೋಸ್ ಅಂದರೆ, ಚೆಂದ ಅಂತ ಅಲ್ಲ. ಲೆಕ್ಕಪತ್ರದ ಟ್ಯಾಲಿ ಅದರಲ್ಲೇ ಓಡುತ್ತದೆ. ನುಡಿ, ಪೇಜ್‌ಮೇಕರ್ ಅದರಲ್ಲೇ. ಕೆಟ್ಟರೆ ನನ್ನಂಥವನು ಪ್ರತಿ ಓಣಿಯಲ್ಲೂ ಸಿಗುತ್ತಾನೆ. ನನ್ನ ಬಳಿ ಬರುವ ಹತ್ತರಲ್ಲಿ ಒಂಬತ್ತು ವಿಂಡೋಸ್. ಮ್ಯಾಕ್ ಬಂದರೆ ನಾನು ಬಿಚ್ಚುವುದೇ ಇಲ್ಲ, ಕೈ ಮುಗಿದು ಹುಬ್ಬಳ್ಳಿಗೆ ಕಳಿಸುತ್ತೇನೆ.

ಏನೇ ಹಾಕಿ, ಮೊದಲು ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗದ ಒಂದು ಎಸ್‌ಎಸ್‌ಡಿ ಹಾಕಿಸಿ. ಇನ್ನೊಂದು 4 ಜಿಬಿ ಡಿಡಿಆರ್3 ರ್‍ಯಾಮ್ ಸೆಕೆಂಡ್ ಹ್ಯಾಂಡ್ ತಗೊಳ್ಳಿ. ಫ್ಯಾನಿನ ಧೂಳನ್ನು ಬ್ಲೋವರ್‌ನಿಂದ ಊದಿಸಿ. ಅರ್ಧ ರೋಗ ಅಲ್ಲೇ ಹೋಗುತ್ತದೆ.

ಪುಟ ಕಟ್ಟುವವನು

ಬೆಂಗಳೂರಿನಲ್ಲಿ ಪುಸ್ತಕಗಳ ಪುಟ ವಿನ್ಯಾಸ ಮಾಡುತ್ತೇನೆ. ಹನ್ನೊಂದು ವರ್ಷದಿಂದ ಮ್ಯಾಕ್. ತುಂಬ ಇಷ್ಟ. ಆದರೂ ನಿಮಗೆ ಬೇಡ ಅಂತಲೇ ಹೇಳುತ್ತೇನೆ.

ಮ್ಯಾಕ್ ಮಿನಿ ಎಂ4 2024ರಲ್ಲಿ ಬಂದಾಗ ಇಲ್ಲಿ ಅದರ ಬೆಲೆ 59,900 ರೂಪಾಯಿ. ಮಾನಿಟರ್ ಬೇರೆ, ಕೀಬೋರ್ಡ್ ಬೇರೆ. ದುಡ್ಡಿನ ಮಾತು ಬಿಡಿ, ನಿಮ್ಮ ಪೇಜ್‌ಮೇಕರ್ ಅದರಲ್ಲಿ ಓಡುವುದಿಲ್ಲ.

ಇಲ್ಲೊಂದು ತಮಾಷೆ ಇದೆ. ಪೇಜ್‌ಮೇಕರ್ ಹುಟ್ಟಿದ್ದೇ ಮ್ಯಾಕ್ ಮೇಲೆ. 1985ರಲ್ಲಿ ಆಲ್ಡಸ್ ಅನ್ನುವ ಕಂಪನಿ ಮ್ಯಾಕಿಂತೋಷ್‌ಗೆ ಅಂತಲೇ ಅದನ್ನು ಮಾಡಿತು. ಡೆಸ್ಕ್‌ಟಾಪ್ ಪಬ್ಲಿಷಿಂಗ್ ಅನ್ನುವ ಮಾತು ಚಾಲ್ತಿಗೆ ಬಂದಿದ್ದೇ ಆಗ. ನಿಮ್ಮ ಅಂಗಡಿ ಬೋರ್ಡಿನ ಡಿಟಿಪಿ ಇದೆಯಲ್ಲ, ಅದರ ತವರು ಮನೆ ಮ್ಯಾಕ್! 1994ರಲ್ಲಿ ಅಡೋಬಿ ಆಲ್ಡಸ್ ಅನ್ನು ಕೊಂಡಿತು. 1999ರಲ್ಲಿ ಅದೇ ಕೆಲಸದ ಇನ್‌ಡಿಸೈನ್ ತಂದಿತು. 2001ರ 7.0 ಪೇಜ್‌ಮೇಕರ್‌ನ ಕೊನೆಯ ದೊಡ್ಡ ಆವೃತ್ತಿ. ಇವತ್ತಿನ ಮ್ಯಾಕ್‌ಗೆ ಅದರ ಗುರುತೇ ಇಲ್ಲ. ನಮ್ಮ ಊರುಗಳಲ್ಲಿ ಮಾತ್ರ ಇನ್ನೂ ಅದೇ ಅನ್ನ ಹಾಕುತ್ತಿದೆ, ಅದೂ ವಿಂಡೋಸ್ ಮೇಲೆ.

ಫೈಲ್ ವಿಷಯ ಹೇಳುತ್ತೇನೆ. ಹಳೆ ನುಡಿ ಫಾಂಟ್‌ಗಳಲ್ಲಿ ಇರುವುದು ನಿಜವಾಗಿ ಕನ್ನಡ ಅಲ್ಲ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡು ಕೂರಿಸಿರುತ್ತಾರೆ. ಒಂದು ತುಂಡು ತಲೆಕಟ್ಟು, ಇನ್ನೊಂದು ಕೊಂಬು, ಮತ್ತೊಂದು ಒತ್ತು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಕೊಕ್ಕೆ ಸೊನ್ನೆಗಳ ಸಂತೆ. ಹಾಗಾಗಿ ವಿಂಡೋಸ್, ಮ್ಯಾಕ್, ಲಿನಕ್ಸ್ ಯಾವುದಾದರೂ ಆಗಲಿ, ಆ ಫಾಂಟ್ ಫೈಲು ಹಾಕಿಕೊಂಡರೆ ಹಳೆಯದು ಓದಬಹುದು. ಹೊಸದಾಗಿ ಟೈಪ್ ಮಾಡುವುದನ್ನಾದರೂ ಯೂನಿಕೋಡ್‌ನಲ್ಲಿ ಮಾಡಿ, ಅದರಲ್ಲಿ ಕನ್ನಡ ಅಕ್ಷರ ಕನ್ನಡವಾಗಿಯೇ ಉಳಿಯುತ್ತದೆ.

ಮಿಂಟ್ ಮೇಷ್ಟ್ರು

ಅಕ್ಕ, ನಾನು ಶಿವಮೊಗ್ಗ ಕಡೆಯ ಹೈಸ್ಕೂಲ್ ಮೇಷ್ಟ್ರು. ನಮ್ಮ ಶಾಲೆಯ ಹಳೆ ಕಂಪ್ಯೂಟರುಗಳಿಗೆ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕಿ ಓಡಿಸುತ್ತಿದ್ದೇನೆ. ಹೊಗಳಿದರೆ ಪ್ರಚಾರ ಅಂತೀರಿ, ಕೆಲಸದ ಮಾತಷ್ಟೇ ಹೇಳುತ್ತೇನೆ.

ಮಿಂಟ್ 22, ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಆವೃತ್ತಿ ಇಳಿಸಿಕೊಳ್ಳಿ. 4 ಜಿಬಿಗೂ ಸಾಕು. 2029ರವರೆಗೆ ಅಪ್‌ಡೇಟ್ ಇದೆ. ಪೆನ್‌ಡ್ರೈವ್‌ಗೆ ಬರೆದು, ಅದರಿಂದಲೇ ಕಂಪ್ಯೂಟರ್ ಆನ್ ಮಾಡಿ. ಹಾರ್ಡ್ ಡಿಸ್ಕ್ ಮುಟ್ಟುವುದಿಲ್ಲ. ಸುಮ್ನೆ ಒಂದು ಭಾನುವಾರ ನೋಡಿ. ಪ್ರಿಂಟರ್ ಸಿಕ್ಕಿಸಿ ಒಂದು ಪುಟ ತೆಗೆಯಿರಿ. ಬರಲಿಲ್ಲ ಅಂದರೆ ಪೆನ್‌ಡ್ರೈವ್ ಕಿತ್ತು ಹಾಕಿ, ವಿಂಡೋಸ್ ಹಾಗೇ ಇರುತ್ತದೆ. ಎಚ್‌ಪಿ ಪ್ರಿಂಟರ್ ಆದರೆ ಕಂಪನಿಯವರೇ ಲಿನಕ್ಸ್ ಡ್ರೈವರ್ ಕೊಡುತ್ತಾರೆ. ಬೇರೆಯವು ಕೆಲವು ಬರುತ್ತವೆ, ಕೆಲವು ಹಟ ಮಾಡುತ್ತವೆ.

ಕನ್ನಡಕ್ಕೆ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕಗಪ ಅನ್ನುವ ವಿನ್ಯಾಸ ಸೇರಿಸಿಕೊಳ್ಳಿ. ನುಡಿಯದೇ ಕೀಲಿಗಳು, ಒತ್ತಿಗೆ ಎಫ್ ಒತ್ತುವುದು ಕೂಡ ಅದೇ. ಈ ವಿನ್ಯಾಸದ ಮೂಲ ಕಂಪ್ಯೂಟರಿಗೆ ಕನ್ನಡ ತಂದ ಹಿರಿಯರಲ್ಲಿ ಒಬ್ಬರಾದ ಕೆ. ಪಿ. ರಾವ್ ಅವರದು. ನಿಮ್ಮ ಬೆರಳಿಗೆ ಹೊಸ ಪಾಠ ಬೇಕಿಲ್ಲ.

ಇನ್ನು ಎಲ್ಲರ ಹತ್ತಿರ ವಿಂಡೋಸ್ ಅನ್ನುವ ಮಾತು. ಡೆಸ್ಕ್‌ಟಾಪ್ ಲೆಕ್ಕದಲ್ಲಿ ನಿಜ. ಯಾರು ಯಾವುದನ್ನು ಬಳಸುತ್ತಾರೆ ಅಂತ ಎಣಿಸುವ ಸ್ಟಾಟ್‌ಕೌಂಟರ್ ಲೆಕ್ಕದಲ್ಲಿ ಲಿನಕ್ಸ್ ಜಗತ್ತಿನಲ್ಲಿ 4% ದಾಟಿದ್ದೇ 2024ರ ಫೆಬ್ರವರಿಯಲ್ಲಿ. ಲೀನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು 1991ರಲ್ಲಿ. ಮೂವತ್ತಮೂರು ವರ್ಷಕ್ಕೆ ನೂರರಲ್ಲಿ ನಾಲ್ಕು ಅಂದರೆ ನಗು ಬರುತ್ತೆ ಅಲ್ವಾ? ಆದರೆ ನಿಮ್ಮ ಕೈಯ ಆಂಡ್ರಾಯ್ಡ್ ಫೋನಿನ ಒಳಗೂ ಲಿನಕ್ಸೇ. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳೂ 2017ರಿಂದ ಅದರ ಮೇಲೇ ಓಡುತ್ತಿವೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಕಲಿಯುವುದೂ ಅದರಲ್ಲೇ.

ರಿಪೇರಿ ಗದಗ

ಮೇಷ್ಟ್ರೇ, ಸೂಪರ್ ಕಂಪ್ಯೂಟರ್ ಸರಿ. ಅಕ್ಕಾರ ಅಂಗಡಿಗೆ ಸೋಮವಾರ ಬೆಳಗ್ಗೆ ಪ್ರಿಂಟರ್ ನಿಂತರೆ ಕೇರಳದಿಂದ ಯಾರು ಬರುತ್ತಾರೆ?

ಮಿಂಟ್ ಮೇಷ್ಟ್ರು

ಅದಕ್ಕೇ ಭಾನುವಾರ ನೋಡಿ ಅಂದಿದ್ದು ಸ್ವಾಮಿ.

ಡಿಟಿಪಿ ಅಕ್ಕ, ತಿಪಟೂರು

ಮೂರು ವಾರ ಆಯಿತು. ಏನಾಯಿತು ಅಂತ ಹೇಳದಿದ್ದರೆ ತಪ್ಪಾಗುತ್ತದೆ.

ಮೊದಲು ಗದಗದವರ ಮಾತು ಕೇಳಿದೆ. ಎಸ್‌ಎಸ್‌ಡಿ, ರ್‍ಯಾಮ್ ಎರಡೂ ಸೇರಿ ಮೂರು ಸಾವಿರದೊಳಗೆ ಆಯಿತು. ಫ್ಯಾನಿನ ಒಳಗೆ ಒಂದು ಹಿಡಿ ಧೂಳು, ಅದರ ಜೊತೆ ಸತ್ತ ಹಲ್ಲಿ. ಗಿರಣಿ ಸದ್ದು ನಿಂತಿತು.

ಆಮೇಲೆ ಭಾನುವಾರ ಅಣ್ಣನ ಮಗನನ್ನು ಕೂರಿಸಿಕೊಂಡು ಮಿಂಟ್ ನೋಡಿದೆ. ಎಚ್‌ಪಿಯ ಮಲ್ಟಿಫಂಕ್ಷನ್ ಪ್ರಿಂಟರ್ ಸಿಕ್ಕಿಸಿದ ಕೂಡಲೇ ಬಂತು. ಹಳೆಯ ಲೇಸರ್ ಪ್ರಿಂಟರ್ ಇದೆಯಲ್ಲ, ಬೇರೆ ಕಂಪನಿಯದು, ಅದು ಜಪ್ಪಯ್ಯ ಅಂದರೂ ಬರಲಿಲ್ಲ. ಹುಡುಗ ರಾತ್ರಿ ಹತ್ತರವರೆಗೆ ಕಪ್ಪು ಪರದೆಯಲ್ಲಿ ಏನೇನೋ ಟೈಪ್ ಮಾಡಿದ. ಕೊನೆಗೆ "ಅತ್ತೆ, ಇದು ಬೇಡ" ಅಂದ. ಆ ಲೇಸರ್ ಪ್ರಿಂಟರನ್ನು ಪೇಜ್‌ಮೇಕರ್ ಕಂಪ್ಯೂಟರಿಗೆ ಕೊಟ್ಟೆ. ಅಲ್ಲಿ ತೆಪ್ಪಗೆ ಓಡುತ್ತಿದೆ.

ನುಡಿ ಫಾಂಟ್ ಕಾಪಿ ಮಾಡಿ ಹಾಕಿದ ಮೇಲೆ ಹಳೆ ವರ್ಡ್ ಫೈಲುಗಳು ಮಿಂಟ್‌ನಲ್ಲಿ ವರ್ಡ್ ಥರ ಇರುವ ಲಿಬ್ರೆಆಫೀಸ್‌ನಲ್ಲಿ ಕನ್ನಡವಾಗಿಯೇ ತೆರೆದವು. ಆದರೆ ಸಾಲು ಮುರಿಯುವ ಜಾಗ ಬದಲಾಗುತ್ತದೆ. ಎರಡು ಪುಟದ ಸಮಾಜ ವಿಜ್ಞಾನ ಪ್ರಶ್ನೆಪತ್ರಿಕೆ ಮೂರು ಪುಟ ಆಯಿತು, ಮೂರನೆಯದರಲ್ಲಿ ಒಂದೇ ಒಂದು ಸಾಲು. ಯೂನಿಕೋಡ್‌ಗೆ ಪರಿವರ್ತನೆ ಮಾಡಿ ನೋಡಿದೆ. ಅರ್ಕಾವತ್ತು ಇರುವ ಕೆಲವು ಪದ ಎಡವಟ್ಟಾದವು. ಒಂದೊಂದೇ ತಿದ್ದಬೇಕು. ಮದುವೆ ಕಾರ್ಡಿನಲ್ಲಿ ವಧುವಿನ ತಂದೆ ಹೆಸರು ಹಾಗಾದರೆ ನನ್ನ ಗತಿ?

ಕಗಪ ಮಾತ್ರ ಮೇಷ್ಟ್ರು ಹೇಳಿದ ಹಾಗೇ. ಬೆರಳಿಗೆ ಗೊತ್ತೇ ಆಗಲಿಲ್ಲ.

ನನಗೆ ಆಶ್ಚರ್ಯ ಆಗಿದ್ದು ಬೇರೆ ವಿಷಯ. ಎರಡನೇ ವಾರ ಕಾಲೇಜು ಹುಡುಗಿಯೊಬ್ಬಳು ಪ್ರಾಜೆಕ್ಟ್ ಪ್ರಿಂಟ್ ತೆಗೆಸಲು ಬಂದಳು. ಬೇರೆ ಎರಡು ಅಂಗಡಿಯಲ್ಲಿ ಪೆನ್‌ಡ್ರೈವ್ ಖಾಲಿ ಅಂದರಂತೆ, ಕಣ್ಣಲ್ಲಿ ನೀರು. ನಾನು ಮಿಂಟ್‌ಗೆ ಹಾಕಿದರೆ ಎಲ್ಲ ಕಾಣಿಸಿತು! ಅದೇ ಶಾರ್ಟ್‌ಕಟ್ ಫೈಲುಗಳು, ಪಕ್ಕದಲ್ಲೇ ಅವಳ ನಿಜವಾದ ಫೋಲ್ಡರ್. ವೈರಸ್ ಅದನ್ನು ಅಳಿಸಿರಲಿಲ್ಲ, ಅಡಗಿಸಿತ್ತು ಅಷ್ಟೇ. ಹಾಗೆ ಅಡಗಿಸುವ ಗುರುತು ವಿಂಡೋಸಿಗೆ ಮಾತ್ರ ಅರ್ಥವಾಗುತ್ತದಂತೆ, ಲಿನಕ್ಸ್ ಅದಕ್ಕೆ ಸೊಪ್ಪು ಹಾಕುವುದಿಲ್ಲ. ಆ ವೈರಸ್ ಪ್ರೋಗ್ರಾಂ ಕೂಡ ಇಲ್ಲಿ ಓಡುವುದಿಲ್ಲ. ಅಂದರೆ 2015ರಲ್ಲಿ ನನ್ನ ಫೋಲ್ಡರುಗಳೂ ಅಲ್ಲೇ ಇದ್ದವು! ಫಾರ್ಮ್ಯಾಟ್ ಹೊಡೆಸಿ ನಾವೇ ಕಳೆದುಕೊಂಡೆವು. ಅದನ್ನು ನೆನೆದು ಆವತ್ತು ಮತ್ತೆ ಹೊಟ್ಟೆ ಉರಿಯಿತು.

ಈಗ ಹೀಗೆ ಮಾಡಿಕೊಂಡಿದ್ದೇನೆ. ಗಿರಾಕಿಗಳ ಪೆನ್‌ಡ್ರೈವ್, ವಾಟ್ಸಾಪ್ ಪ್ರಿಂಟು, ಪಹಣಿ, ಅರ್ಜಿ ಎಲ್ಲ ಮಿಂಟ್‌ನಲ್ಲಿ. ವಿಂಡೋಸ್ 7ರ ನೆಟ್ ಕೇಬಲ್ ಕಿತ್ತು ಹಾಕಿದೆ. ಅದಕ್ಕೆ ನನ್ನದೇ ಒಂದು ಕೆಂಪು ಪೆನ್‌ಡ್ರೈವ್, ಬೇರೆಯವರದು ಹಾಕುವಂತಿಲ್ಲ. ಕಾರ್ಡು, ಬಿಲ್ ಪುಸ್ತಕ ಎಲ್ಲ ಅಲ್ಲೇ. ಅದನ್ನು ಬಿಡುವ ಯೋಚನೆ ಸದ್ಯಕ್ಕಿಲ್ಲ. ಮ್ಯಾಕ್ ತಂಗಿಯ ಮನೆಯಲ್ಲೇ ಚೆಂದ.

ಕೆಟ್ಟರೆ ಯಾರನ್ನು ಕರೆಯಲಿ ಅನ್ನುವ ಪ್ರಶ್ನೆ ಹಾಗೇ ಇದೆ. ಹುಡುಗನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದರೆ ಗೊತ್ತಿಲ್ಲ. ಸದ್ಯಕ್ಕೆ ಅವನು ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ.

ಒಂದು ಸಂಶಯ ಉಳಿದಿದೆ. ಆಧಾರ್ ಕಾರ್ಡಿನ ಎರಡೂ ಬದಿ ಸ್ಕ್ಯಾನ್ ಮಾಡಿ ಒಂದೇ ಎ4ನಲ್ಲಿ ಕೊಡಬೇಕು. ಮೊದಲು ವರ್ಡ್‌ನಲ್ಲಿ ಹಾಕುತ್ತಿದ್ದೆ. ಇದರಲ್ಲಿ ಸುಲಭದ ದಾರಿ ಏನು? ದಿನಕ್ಕೆ ಮೂವತ್ತು ಸಲ ಬೇಕು.

ಮಿಂಟ್ ಮೇಷ್ಟ್ರು

ಲಿಬ್ರೆಆಫೀಸ್ ಡ್ರಾ ತೆರೆಯಿರಿ ಅಕ್ಕ. ಎ4 ಪುಟದಲ್ಲಿ ಎರಡು ಚಿತ್ರ ಇಟ್ಟು ಅಳತೆ ಸರಿ ಮಾಡಿ ಒಂದು ಫೈಲ್ ಉಳಿಸಿಕೊಳ್ಳಿ. ಮುಂದಿನ ಗಿರಾಕಿಗೆ ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿ ಬದಲಾಯಿಸಿದರೆ ಸಾಕು. ಪ್ರಿಂಟ್ ಆದ ಮೇಲೆ ಅವರ ಕಾರ್ಡಿನ ಚಿತ್ರ ಅಳಿಸಿಬಿಡಿ.

ಡಿಟಿಪಿ ಅಕ್ಕ, ತಿಪಟೂರು

ಆಯಿತು. ನೋಟ್‌ಬುಕ್ಕಿಗೆ ಸೇರಿಸಿಕೊಂಡೆ, ಪುಟ 11.