ಸಮಸ್ಯೆ: ಕಣ್ಣಿರ್ದವನಲ್ತೆ ಕುರುಡನಾದಂ ಜಗದೊಳ್

ಸಮಸ್ಯೆ ಕೊಟ್ಟವರು:

ಈ ಸಲದ ಸಮಸ್ಯೆ ಕಂದಪದ್ಯದ ನಾಲ್ಕನೆಯ ಪಾದ. ಮೊದಲ ಮೂರು ಪಾದ ಬರೆದು ಪದ್ಯವನ್ನು ಅರ್ಥ ಕೂಡುವಂತೆ ತುಂಬುವುದೇ ಪೂರಣ:

ಕಣ್ಣಿರ್ದವನಲ್ತೆ ಕುರುಡನಾದಂ ಜಗದೊಳ್

ವಸ್ತು: ಸಾಹಿತ್ಯಚರಿತ್ರೆಯಲ್ಲಿ ಮರೆಗೆ ಸರಿದ ಕವಯಿತ್ರಿಯರು. ಯಾರನ್ನಾದರೂ ಆರಿಸಿಕೊಳ್ಳಿ, ಆದರೆ ಅವರ ಕೃತಿಯಲ್ಲೋ ಅವರ ಕುರಿತ ಐತಿಹ್ಯದಲ್ಲೋ ಇರುವ ಒಂದು ನಿರ್ದಿಷ್ಟ ಸಂಗತಿಯಿಂದಲೇ ಪೂರಣ ಹುಟ್ಟಲಿ. "ಅಯ್ಯೋ, ಮರೆತರಲ್ಲ" ಎಂದು ಮರುಗುವ ಪದ್ಯ ಬೇಡ.

ಹೊಸಬರಿಗಾಗಿ ಗಣವಿಭಾಗ (ಲ ಅಂದರೆ ಲಘು, ಒಂದು ಮಾತ್ರೆ; ಗ ಅಂದರೆ ಗುರು, ಎರಡು ಮಾತ್ರೆ): ಕಣ್ಣಿರ್ (ಗಗ) | ದವನಲ್ (ಲಲಗ) | ತೆ ಕುರುಡ (ಲಲಲಲ) | ನಾದಂ (ಗಗ) | ಜಗದೊಳ್ (ಲಲಗ). 1 ಮತ್ತು 3ನೆಯ ಪಾದಗಳಲ್ಲಿ ನಾಲ್ಕು ಮಾತ್ರೆಯ 3 ಗಣ, 2 ಮತ್ತು 4ರಲ್ಲಿ 5 ಗಣ, ಒಟ್ಟು 64 ಮಾತ್ರೆ. ಪದ್ಯದ ಅರ್ಧವನ್ನು (ಎರಡು ಪಾದ) ಒಂದೇ ಸಾಲೆಂದು ಎಣಿಸಿದರೆ 1, 3, 5, 7ನೆಯ ಗಣಗಳಲ್ಲಿ ಜಗಣ (ಲಗಲ) ಬರಕೂಡದು. 6ನೆಯದು ಜಗಣವೇ ಆಗಿರಬೇಕು, ಇಲ್ಲವೇ ನಾಲ್ಕೂ ಲಘು. ನಾಲ್ಕೂ ಲಘುವಾದರೆ ಮೊದಲ ಅಕ್ಷರಕ್ಕೆ ಪದ ಮುಗಿದರೆ ಚೆಂದ, ಇಲ್ಲಿ "ತೆ" ಆದ ಮೇಲೆ "ಕುರುಡ" ಶುರುವಾಗುವ ಹಾಗೆ. ಅರ್ಧದ ಕೊನೆಗೆ ಗುರು. ಪ್ರಾಸಾಕ್ಷರ, ಅಂದರೆ ಪ್ರತಿ ಪಾದದ ಎರಡನೆಯ ಅಕ್ಷರ, ಣ್ಣ. ಒಂದೇ ವ್ಯಂಜನದ ಒತ್ತಾದ್ದರಿಂದ ಇದು ಹಯಪ್ರಾಸ.

ಪೂರಣ 1:

ಪೆಣ್ಣೊರ್ವಳ್ ಸಂಚಿಯವಳ್
ಬಣ್ಣದ ಸಾಂಗತ್ಯಮಂ ರಚಿಸೆ ಬಣ್ಣಿಸದಾ
ಸಣ್ಣತನದ ಪಂಡಿತನೇ
ಕಣ್ಣಿರ್ದವನಲ್ತೆ ಕುರುಡನಾದಂ ಜಗದೊಳ್

ಹದಿಬದೆಯ ಧರ್ಮ ಎಂಬ ಸಾಂಗತ್ಯವನ್ನು (ಹಾಡುವ ಛಂದಸ್ಸಿನ ಕಾವ್ಯ) ಬರೆದ ಸಂಚಿಯ ಹೊನ್ನಮ್ಮನನ್ನು ಕುರಿತದ್ದು. ತಪ್ಪಿದ್ದರೆ ತಿದ್ದಿ.

ಸಮಸ್ಯೆ ಕೊಟ್ಟವರು:

ಛಂದಸ್ಸು ಸರಿಯಾಗಿದೆ. 6ನೆಯ ಗಣ "ತ್ಯಮಂ ರ" ಒಳ್ಳೆಯ ಜಗಣ. ತೊಂದರೆ ಇರುವುದು ಬೇರೆ ಕಡೆ. ಸಮಸ್ಯೆಯ ಗಂಟು ಇರುವುದು ಕಣ್ಣಿನಲ್ಲಿ. ಕಣ್ಣಿದ್ದೂ ಕುರುಡನಾದದ್ದು ಹೇಗೆ ಎಂಬುದಕ್ಕೆ ಮೊದಲ ಮೂರು ಪಾದಗಳಲ್ಲಿ ಕಾರಣ ಸಿಗಬೇಕು. ನಿಮ್ಮಲ್ಲಿ ಪಂಡಿತನಿಗೆ ಬೈಗುಳ ಸಿಕ್ಕಿದೆ, ಕಣ್ಣು ಮಾತ್ರ ಸಮಸ್ಯಾಪಾದದಲ್ಲೇ ಉಳಿದಿದೆ.

ಇನ್ನೊಂದು. "ಸಂಚಿಯವಳ್" ಅಂದರೆ ಎಲೆಯಡಿಕೆಯ ಚೀಲ ಹಿಡಿಯುವವಳು. ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಅವಳ ಊಳಿಗ ಅದು. ಹೆಸರು ಬಿಟ್ಟು ಊಳಿಗವನ್ನಷ್ಟೇ ಇಟ್ಟಿದ್ದೀರಿ. ಚರಿತ್ರೆ ಮಾಡಿದ್ದನ್ನೇ ಪೂರಣವೂ ಮಾಡಿದರೆ ಹೇಗೆ?

ಪೂರಣ 1ರವರು:

ಹೆಸರನ್ನು ಬೇಕೆಂದೇ ಬಿಟ್ಟದ್ದಲ್ಲ ಸರ್, ಪ್ರಾಸಕ್ಕೆ ಕೂರಲಿಲ್ಲ.

ಮತ್ತೊಬ್ಬರು:

ನನ್ನದು ಹೆಸರಿನಿಂದಲೇ ಶುರು. ಮೊದಲ ಪಾದ ಮಾತ್ರ ಆಗಿದೆ:

ಪೊನ್ನಮ್ಮನ ಕೃತಿಯನೋದಿ

ಸಮಸ್ಯೆ ಕೊಟ್ಟವರು:

ಒಂದೇ ಪಾದದಲ್ಲಿ ಎರಡು ತಪ್ಪು ಮೇಡಂ. ಪೊನ್ನಮ್ | ಮನ ಕೃತಿ | ಯನೋದಿ: ಮೂರನೆಯದು ಲಗಲ, ಬೆಸ ಸ್ಥಾನದಲ್ಲಿ ಜಗಣ. ಗಟ್ಟಿಯಾಗಿ ಓದಿ ನೋಡಿ, "ನೋ" ಮೇಲೆ ಲಯ ಮುಗ್ಗರಿಸುತ್ತದೆ. ("ಕೃ"ವಿನ ಹಿಂದಿನ "ನ" ಗುರುವಾಗುವುದಿಲ್ಲ. ಋ ಸ್ವರ, ಒತ್ತಕ್ಷರವಲ್ಲ. ಅದನ್ನು ಸರಿಯಾಗಿಯೇ ಎಣಿಸಿದ್ದೀರಿ.) ಎರಡನೆಯದು ಪ್ರಾಸಭಂಗ. ನ್ನ ಬೇರೆ, ಣ್ಣ ಬೇರೆ. ನ-ಣ ಬೆರೆಸಿ ಮಾತಾಡುವವರ ಕಿವಿಗೆ ಇದು ಗೊತ್ತೇ ಆಗುವುದಿಲ್ಲ, ಆದ್ದರಿಂದ ಪ್ರಾಸವನ್ನು ಕಣ್ಣಿನಿಂದಲೂ ನೋಡಬೇಕು.

ಹೆಸರು ಬೇಕೆಂದರೆ ಪಾದದ ನಡುವೆ ಇಡಿ. ಆದಿಪ್ರಾಸ ಕಾಯುವುದು ಎರಡನೆಯ ಅಕ್ಷರವನ್ನು ಮಾತ್ರ, ಪಾದದ ಉಳಿದ ಜಾಗವೆಲ್ಲ ನಿಮ್ಮದೇ.

ಪೂರಣ 1ರವರು, ತಿದ್ದಿದ್ದು:

ಕಣ್ಣೆದುರೇ ಹೊನ್ನಮ್ಮನ
ಬಣ್ಣದ ಸಾಂಗತ್ಯಮಿರ್ದೊಡಂ ಬಣ್ಣಿಸದಾ
ಸಣ್ಣತನದ ಪಂಡಿತನೇ
ಕಣ್ಣಿರ್ದವನಲ್ತೆ ಕುರುಡನಾದಂ ಜಗದೊಳ್

ಸಮಸ್ಯೆ ಕೊಟ್ಟವರು:

ಈಗ ಹೆಸರೂ ಬಂತು, "ಕಣ್ಣೆದುರೇ" ಎಂದದ್ದರಿಂದ ಗಂಟೂ ಬಿಚ್ಚಿತು. "ಬಣ್ಣದ" ಮಾತ್ರ ಇನ್ನೂ ಭರ್ತಿಯ ಪದ. ಅವಳ ಸಾಂಗತ್ಯದ ಗುಣ ಬಣ್ಣವಲ್ಲ, ನೇರ ಮಾತು.

ಪೂರಣ 2:

ಆ ನೇರ ಮಾತನ್ನೇ ಹಿಡಿದದ್ದು:

ಪೆಣ್ಣಲ್ಲವೆ ತಾಯೆನುತುಂ
ತಣ್ಣನೆ ಕೇಳ್ದವಳ ನುಡಿಯನೋದಿಯುಮರಿಯಂ
ಬಣ್ಣನೆಗೆ ಮಾತ್ರ ಮೆಚ್ಚುವ
ಕಣ್ಣಿರ್ದವನಲ್ತೆ ಕುರುಡನಾದಂ ಜಗದೊಳ್

ಅನ್ವಯ: "ತಾಯಿ ಪೆಣ್ಣಲ್ಲವೆ" ಎಂದು ತಣ್ಣಗೆ ಕೇಳಿದವಳ ಮಾತನ್ನು ಓದಿಯೂ ಅರಿಯ. ಬಣ್ಣನೆಗಷ್ಟೇ ಮೆಚ್ಚುವ ಕಣ್ಣು ಉಳ್ಳವನೇ ಕುರುಡ.

ಸಮಸ್ಯೆ ಕೊಟ್ಟವರು:

ಭೇಷ್. ಎಂಥ ಕಣ್ಣು ಎಂದು ಹೇಳಿದ ಕೂಡಲೇ ವಿರೋಧ ಕರಗಿತು. ಮೂರನೆಯ ಪಾದದ ವಿಶೇಷಣ ನಾಲ್ಕನೆಯ ಪಾದದ ಮೊದಲ ಪದಕ್ಕೆ ಹೋಗಿ ಅಂಟಿದೆ. ಸಮಸ್ಯೆಯ ಒಂದಕ್ಷರವನ್ನೂ ಮುಟ್ಟದೆ ಅರ್ಥವನ್ನು ತಿರುಗಿಸುವ ಉಪಾಯಗಳಲ್ಲಿ ಇದು ಎಲ್ಲಕ್ಕಿಂತ ಹಗುರವಾದದ್ದು. ಎರಡನೆಯ ಪಾದದಲ್ಲಿ "ಳ | ನುಡಿಯ" ಯತಿ (ಪದ ಮುಗಿದು ನಿಲ್ಲುವ ಜಾಗ) ಕೂಡ ನಿಂತಿದೆ.

ಈ ಸಮಸ್ಯೆಯ ಪ್ರಾಸ ಎಲ್ಲಿಂದ ಬಂತೆಂದು ಈಗ ಹೇಳಬಹುದು. ಹದಿಬದೆಯ ಧರ್ಮದ ಆ ಪದ್ಯದಿಂದಲೇ:

ಪೆಣ್ಣಲ್ಲವೆ ತಮ್ಮನೆಲ್ಲ ಪಡೆದ ತಾಯಿ
ಪೆಣ್ಣಲ್ಲವೆ ಪೊರೆದವಳು
ಪೆಣ್ಣು ಪೆಣ್ಣೆಂದೇತಕೆ ಬೀಳುಗಳೆವರು
ಕಣ್ಣು ಕಾಣದ ಗಾವಿಲರು

ಕೊನೆಯ ಪಾದದ "ಕಣ್ಣು ಕಾಣದ ಗಾವಿಲರು" (ದಡ್ಡರು) ಇಲ್ಲಿ ಕಣ್ಣಿದ್ದೂ ಕಾಣದವನಾಗಿದ್ದಾನೆ. ಒಂದು ಎಚ್ಚರಿಕೆ: ಈ ಒಂದು ಪದ್ಯವನ್ನು ಕಿತ್ತುಕೊಂಡು ಇಡೀ ಕೃತಿಯೇ ಬಂಡಾಯ ಎನ್ನುವವರಿದ್ದಾರೆ. ಹದಿಬದೆ ಅಂದರೆ ಪತಿವ್ರತೆ. ಒಂಬತ್ತು ಸಂಧಿಗಳ ಆ ಕೃತಿ ಹೇಳುವುದು ಪತಿವ್ರತೆಯ ನಡೆನುಡಿಯನ್ನು. ಅದರೊಳಗೆ ಈ ಪ್ರಶ್ನೆ ಎದ್ದು ನಿಂತಿರುವುದೇ ಸೋಜಿಗ.

ಪೂರಣ 3:

ನನ್ನದು ಸಂಸ್ಕೃತ ಕವಯಿತ್ರಿ ವಿಜ್ಜಿಕೆ.

ಬಣ್ಣಂ ಬೆಳ್ಪೆಂದನೆ ತಾಂ
ಬಣ್ಣಿಸಿ ವಾಣಿಯನೆ ದಂಡಿ ಕಾಣದೆ ಕರ್ಪಂ
ಪೆಣ್ಣಾ ವಿಜ್ಜಿಕೆ ನಗಲಾ
ಕಣ್ಣಿರ್ದವನಲ್ತೆ ಕುರುಡನಾದಂ ಜಗದೊಳ್

ಅಲಂಕಾರಶಾಸ್ತ್ರಜ್ಞ ದಂಡಿ ತನ್ನ ಕಾವ್ಯಾದರ್ಶದ ಮೊದಲ ಶ್ಲೋಕದಲ್ಲೇ ಸರಸ್ವತಿಯನ್ನು "ಸರ್ವಶುಕ್ಲಾ" ಎಂದ. ವಿಜ್ಜಿಕೆಯ ಹೆಸರಿನಲ್ಲಿ ಬರುವ ಮುಕ್ತಕದ ಉತ್ತರ ಇದು: ಕನ್ನೈದಿಲೆಯ ಎಸಳಿನಂತೆ ಕಪ್ಪಗಿರುವ ನನ್ನನ್ನು ಅರಿಯದೆ ದಂಡಿ ಸುಮ್ಮನೆ ಸರಸ್ವತಿ ಬಿಳಿ ಎಂದುಬಿಟ್ಟ. ಮೊದಲ ಪಾದವನ್ನು "ಬಣ್ಣಂ ಬೆಳ್ಪೆಂದುಸಿರ್ದ" ಎಂದು ಶುರುಮಾಡಿದ್ದೆ. ಮೂರನೆಯ ಗಣ ಜಗಣವಾಯಿತು. "ಉಸಿರ್ದ"ವನ್ನು ಶಿಥಿಲದ್ವಿತ್ವವೆಂದು (ಒತ್ತಿನ ಹಿಂದಿನ ಅಕ್ಷರವನ್ನು ಗುರುವಾಗಿಸದೆ) ತೇಲಿಸಿ ಓದಬಹುದೇ?

ಸಮಸ್ಯೆ ಕೊಟ್ಟವರು:

ತೇಲಿಸಿದರೆ ಜಗಣವೇನೋ ಹೋಗುತ್ತದೆ, ಆದರೆ ಉಳಿಯುವುದು ಮೂರು ಲಘು, ಒಂದು ಮಾತ್ರೆ ಖೋತಾ. ಶಿಥಿಲದ್ವಿತ್ವ ಒಂದು ರೋಗ ವಾಸಿಮಾಡಿ ಇನ್ನೊಂದನ್ನು ಅಂಟಿಸುವುದು ಹೀಗೆಯೇ. "ಬೆಳ್ಪೆಂದನೆ ತಾಂ" ಮಾಡಿದ್ದು ಒಳ್ಳೆಯದಾಯಿತು.

ಮೂರನೆಯ ಪಾದದ "ಪೆಣ್ಣಾ" ಬಂದದ್ದು ಪ್ರಾಸಕ್ಕೆ ಮಾತ್ರ. ವಿಜ್ಜಿಕೆ ಹೆಣ್ಣೆಂದು ಬೇರೆ ಹೇಳಬೇಕೇ? ಮೇಲಿನ ಪೂರಣದ "ತಣ್ಣನೆ"ಯನ್ನು ಕಡ ತನ್ನಿ: "ತಣ್ಣನೆ ವಿಜ್ಜಿಕೆ ನಗಲಾ". ಮಾತ್ರೆ ಅಷ್ಟೇ, ಆದರೆ ನಗೆಗೆ ಒಂದು ಬಗೆ ಬಂತು.

ಮತ್ತೊಬ್ಬರು:

ವಿಜ್ಜಿಕೆಯನ್ನು ಚಾಲುಕ್ಯ ರಾಣಿ ವಿಜಯಭಟ್ಟಾರಿಕೆ ಎನ್ನುತ್ತಾರಲ್ಲ, ಇಮ್ಮಡಿ ಪುಲಕೇಶಿಯ ಸೊಸೆ, ಚಂದ್ರಾದಿತ್ಯನ ಮಡದಿ? ಅದನ್ನೂ ತರಬಹುದಿತ್ತು.

ಪೂರಣ 3ರವರು:

ಅದು ಹೆಸರುಗಳ ಹೋಲಿಕೆಯಿಂದ ಹುಟ್ಟಿದ ಊಹೆ. ರಾಜಶೇಖರನದೆಂದು ಸೂಕ್ತಿಸಂಗ್ರಹದಲ್ಲಿ ಬರುವ ಶ್ಲೋಕವೊಂದು "ಕರ್ಣಾಟೀ ವಿಜಯಾಂಕಾ" ಎಂಬವಳನ್ನು ಸರಸ್ವತಿಗೆ ಹೋಲಿಸಿ, ವೈದರ್ಭೀ ಎಂಬ ಕಾವ್ಯಶೈಲಿಯಲ್ಲಿ ಕಾಳಿದಾಸನ ನಂತರ ಇವಳೇ ಎನ್ನುತ್ತದೆ. ವಿಜ್ಜಿಕೆ, ವಿಜಯಾಂಕೆ, ವಿಜಯಭಟ್ಟಾರಿಕೆ ಮೂವರನ್ನೂ ಒಬ್ಬಳನ್ನಾಗಿ ಮಾಡಿದರೆ ಚಿತ್ರ ಸೊಗಸಾಗುತ್ತದೆ ನಿಜ. ಆದರೆ ಪದ್ಯಕ್ಕೆ ಬೇಕಾದದ್ದು ಅವಳ ನಗೆ. ಅದಕ್ಕೆ ಅವಳು ರಾಣಿಯೇ ಆಗಿರಬೇಕಿಲ್ಲ.

ಪೂರಣ 4:

ಕಣ್ಣಂ ಮುಚ್ಚಿದನಾ ಕವಿ
ಪೆಣ್ಣಿಂ ಪೊಗಳಿಸಲೆ ಸತ್ತನೆನೆ ನಟಿಸುತ್ತುಂ
ಬಣ್ಣಿಸಿದವಳಂ ಕಾಣದೆ
ಕಣ್ಣಿರ್ದವನಲ್ತೆ ಕುರುಡನಾದಂ ಜಗದೊಳ್

ಸಮಸ್ಯೆ ಕೊಟ್ಟವರು:

ಇದಕ್ಕೇ ಕಾಯುತ್ತಿದ್ದೆ! ಉಳಿದ ಪೂರಣಗಳಲ್ಲಿ ಕುರುಡು ಒಂದು ರೂಪಕ, ಇಲ್ಲಿ ನಿಜವಾಗಿಯೂ ಕಣ್ಣು ಮುಚ್ಚಿದೆ. ಕಥೆ ಗೊತ್ತಿಲ್ಲದವರಿಗೆ: ಹೊಯ್ಸಳರ ದೋರಸಮುದ್ರದ ಆಸ್ಥಾನದಲ್ಲಿ ಅಭಿನವಪಂಪನೆನಿಸಿದ ನಾಗಚಂದ್ರನಿಗೆ ಕಂತಿ ಎಂಬ ಕವಯಿತ್ರಿಯ ಬಾಯಿಂದ ಹೊಗಳಿಕೆ ಬೇಕಾಗಿತ್ತಂತೆ, ಅವಳು ಹೊಗಳಳು. ಸತ್ತನೆಂದು ಸುದ್ದಿ ಹಬ್ಬಿಸಿ ಮಲಗಿದ. ಅವಳು ಬಂದು ಶೋಕಿಸಿ ಅವನ ಕವಿತ್ವವನ್ನು ಕೊಂಡಾಡಿದ ಮೇಲೆ ಎದ್ದು ಕೂತ.

ಗಣ: ಕಣ್ಣಂ | ಮುಚ್ಚಿದ | ನಾ ಕವಿ || ಪೆಣ್ಣಿಂ | ಪೊಗಳಿಸ | ಲೆ ಸತ್ತ | ನೆನೆ ನಟಿ | ಸುತ್ತುಂ. 6ನೆಯ ಗಣದಲ್ಲಿ ಜಗಣ ಸರಿಯಾಗಿ "ಸತ್ತ" ಮೇಲೆ ಬಿದ್ದಿದೆ. ಲಯ ತಡವರಿಸುವ ಜಾಗದಲ್ಲೇ ಅವನು ಸಾಯುವುದು! ಬೇಕೆಂದು ಮಾಡಿದ್ದೋ, ತಾನಾಗಿ ಬಂದದ್ದೋ?

ಪೂರಣ 4ರವರು:

ತಾನಾಗಿ ಬಂದದ್ದು, ಆಮೇಲೆ ಗಮನಿಸಿ ಉಳಿಸಿಕೊಂಡದ್ದು.

ಮತ್ತೊಬ್ಬರು:

ಒಂದು ತಕರಾರು. ಕಂತಿ ಇದ್ದಳೇ ಎಂಬುದೇ ವಾದದಲ್ಲಿದೆ. ಈ ಕಥೆಗಳು ಸಿಗುವುದು 19ನೆಯ ಶತಮಾನದ ದೇವಚಂದ್ರನ ರಾಜಾವಳೀಕಥೆಯಲ್ಲಿ, ನಾಗಚಂದ್ರನಿಗೆ ಏಳು ಶತಮಾನ ಈಚೆಗೆ. "ಕಂತಿ" ಅವಳ ಸ್ವಂತ ಹೆಸರೂ ಅಲ್ಲ, ಜೈನ ಸಂನ್ಯಾಸಿನಿ ಎಂದರ್ಥ. ಶ್ರವಣಬೆಳಗೊಳದ ಶಾಸನಗಳಲ್ಲಿ "ಗಂತಿಯರ್" ಎಂದು ಎಷ್ಟು ಜನ ಬರುತ್ತಾರೆ! ಇದ್ದಳೋ ಇಲ್ಲವೋ ಗೊತ್ತಿಲ್ಲದವಳನ್ನು ಮೊದಲ ಕವಯಿತ್ರಿ ಎಂದು ಮೆರೆಸಿ, ಕೃತಿ ಕೈಯಲ್ಲಿರುವ ಶೃಂಗಾರಮ್ಮನನ್ನೋ ಹೆಳವನಕಟ್ಟೆ ಗಿರಿಯಮ್ಮನನ್ನೋ ಒಂದು ಸಾಲಿನಲ್ಲಿ ಮುಗಿಸುವುದು ಯಾವ ನ್ಯಾಯ? ಶೃಂಗಾರಮ್ಮನ ಪದ್ಮಿನೀಕಲ್ಯಾಣ ಇದೆ, ಗಿರಿಯಮ್ಮನ ಚಂದ್ರಹಾಸನ ಕಥೆ ಇದೆ, ಓದುವವರು ಬೇಕಷ್ಟೆ.

ಪೂರಣ 4ರವರು:

ಒಪ್ಪಿದೆ. ಅದಕ್ಕೇ ಪದ್ಯದಲ್ಲಿ "ಕಂತಿ" ಎಂಬ ಪದ ತರಲಿಲ್ಲ, "ಬಣ್ಣಿಸಿದವಳ್" ಎಂದಷ್ಟೇ ಇದೆ. ಕಥೆಯಲ್ಲೂ ಅವಳು ಬರುವುದು ಅವನ ಹೊಗಳಿಕೆಗಾಗಿ. ಆದರೂ ಒಂದು ಮಾತು: ಅವಳ ಹೆಸರಿನಲ್ಲಿ ಉಳಿದಿರುವುದು "ಕಂತಿ ಹಂಪನ ಸಮಸ್ಯೆಗಳು" (ಹಂಪ ಅಂದರೆ ಈ ಅಭಿನವಪಂಪನೇ), ಅವನು ಕೊಟ್ಟದ್ದನ್ನು ಅವಳು ತುಂಬಿದ್ದು. ಐತಿಹ್ಯವೇ ಆಗಲಿ, ಸಮಸ್ಯಾಪೂರಣದ ಪಂಕ್ತಿಯಲ್ಲಿ ಅವಳಿಗೊಂದು ಎಲೆ ಹಾಕದೆ ಇರಲಾದೀತೇ?

ಪೂರಣ 5:

ನನ್ನ ತಕರಾರು ಛಂದಸ್ಸಿನ ಮೇಲೆಯೇ. ಹೊನ್ನಮ್ಮ, ಶೃಂಗಾರಮ್ಮ, ಗಿರಿಯಮ್ಮ ಮೂವರೂ ಹಿಡಿದದ್ದು ಹಾಡಿಕೊಳ್ಳುವ ಸಾಂಗತ್ಯವನ್ನು. ಅವರ ಕುರಿತ ಸಮಸ್ಯೆ ಕಂದದಲ್ಲೇಕೆ? ಆದ್ದರಿಂದ ಸಾಂಗತ್ಯದಲ್ಲೇ, ನನ್ನದೇ ಪ್ರಾಸದಲ್ಲಿ, ವಚನಕಾರ್ತಿಯರನ್ನು ಕುರಿತು:

ಗಂಡನ ಹೆಸರೊಳು ಹೆಂಡತಿ ಬರೆದುದ
ಕಂಡವರಾರೆನ್ನಬೇಡ
ಮಂಡೆಯ ತಗ್ಗಿಸಿ ಕಡತವ ತೆರೆದರೆ
ಹಿಂಡುಹಿಂಡಕ್ಕಂದಿರಿಹರು

ಸಮಸ್ಯೆ ಕೊಟ್ಟವರು:

ನಿಯಮ ಮುರಿದಿರಿ, ಆದರೆ ಕಾರಣ ಸರಿಯಾಗಿದೆ. ಬೆಸ ಪಾದದಲ್ಲಿ ನಾಲ್ಕು ವಿಷ್ಣುಗಣ, ಸಮ ಪಾದದಲ್ಲಿ ಎರಡು ವಿಷ್ಣು, ಒಂದು ಬ್ರಹ್ಮ. ಇಲ್ಲಿ ಎಣಿಸಬೇಕಾದದ್ದು ಮಾತ್ರೆಯನ್ನಲ್ಲ, ಅಂಶವನ್ನು: ವಿಷ್ಣುಗಣಕ್ಕೆ ಮೂರಂಶ, ಬ್ರಹ್ಮಗಣಕ್ಕೆ ಎರಡು; ಗಣದ ಮೊದಲಂಶ ಒಂದು ಗುರು ಇಲ್ಲವೇ ಎರಡು ಲಘು, ಉಳಿದವು ಒಂದೊಂದಕ್ಷರ. "ಹಿಂಡುಹಿಂ" ಐದು ಮಾತ್ರೆ, "ಹೆಸರೊಳು" ನಾಲ್ಕು, ಎರಡೂ ವಿಷ್ಣುಗಣವೇ. ಹೊನ್ನಮ್ಮನ "ಕಣ್ಣು ಕಾ | ಣದ ಗಾವಿ | ಲರು" ನೋಡಿ: ಕೊನೆಯ ಗಣ ಎಣಿಸಿದರೆ ಕೊರೆ, ಹಾಡಿದರೆ "ರು" ಎಳೆದು ತುಂಬುತ್ತದೆ. ಕಂದದ ಅಳತೆಗೋಲು ಹಿಡಿದು ಸಾಂಗತ್ಯವನ್ನು ತಿದ್ದಲು ಹೋದವರು ಕೆಡಿಸುವುದು ಇಲ್ಲೇ.

ಮೊದಲ ಪಾದದಲ್ಲಿ ಅರ್ಥದೋಷವಿದೆ. ಗಂಡನ ಹೆಸರಿನಲ್ಲಿ ಅವರು ಬರೆಯಲಿಲ್ಲ, ಅಂಕಿತದೊಳಗೆ (ವಚನದ ಕೊನೆಗೆ ರುಜುವಿನಂತೆ ಬರುವ ದೇವರ ಹೆಸರು) ಗಂಡನ ಹೆಸರಿಟ್ಟರು. ಹಡಪದ ಅಪ್ಪಣ್ಣನ ಪುಣ್ಯಸ್ತ್ರೀ ಲಿಂಗಮ್ಮನದು "ಅಪ್ಪಣ್ಣಪ್ರಿಯ ಚೆನ್ನಬಸವಣ್ಣ", ಉರಿಲಿಂಗಪೆದ್ದಿಯ ಪುಣ್ಯಸ್ತ್ರೀ ಕಾಳವ್ವೆಯದು "ಉರಿಲಿಂಗಪೆದ್ದಿಗಳರಸ". ಸೂಳೆ ಸಂಕವ್ವೆಯ "ನಿರ್ಲಜ್ಜೇಶ್ವರ"ದಲ್ಲಿ ಯಾವ ಗಂಡನೂ ಇಲ್ಲ.

(ಹಡಪವೂ ಎಲೆಯಡಿಕೆಯ ಚೀಲವೇ. ಅಪ್ಪಣ್ಣನಿಗೂ ಹೊನ್ನಮ್ಮನಿಗೂ ಒಂದೇ ಊಳಿಗ, ಇಬ್ಬರ ಹೆಸರಿಗೂ ಅದು ಅಂಟಿದೆ. ಆದರೆ ಲಿಂಗಮ್ಮನಿಗೆ ಅಂಟಿದ್ದು ಆ ಊಳಿಗವೂ ಅಲ್ಲ, ಊಳಿಗದವನು.)

ಪೂರಣ 5ರವರು:

ಹಾಗಾದರೆ "ಗಂಡನ ಹೆಸರಿಟ್ಟು ಹೆಂಡತಿ ನುಡಿದುದ". "ಹೆಸರಿಟ್ಟು" ಎರಡು ಲಘು ಸೇರಿ ಒಂದಂಶ, ಮುಂದೆ ಗುರು, ಲಘು, ವಿಷ್ಣುಗಣ ನಿಂತಿತು. ವಚನವಾದ್ದರಿಂದ "ಬರೆದುದ"ಕ್ಕಿಂತ "ನುಡಿದುದ" ಮೇಲು.

ಮತ್ತೊಬ್ಬರು:

ಆ ತಿದ್ದುಪಡಿಗೆ ಆಯ್ದಕ್ಕಿ ಲಕ್ಕಮ್ಮನೇ ಸಾಕ್ಷಿ. ಗಂಡ ಮಾರಯ್ಯ ಅಕ್ಕಿ ಆಯ್ದು ತರುವವನು. ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ತಂದ. "ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ" ಎಂದಳು. ಅದೇ ಉಸಿರಿನಲ್ಲಿ ಬರುವ ಅಂಕಿತ "ಮಾರಯ್ಯಪ್ರಿಯ ಅಮರೇಶ್ವರಲಿಂಗ". ಬೈಸಿಕೊಂಡವನ ಹೆಸರೇ ಕೆಳಗಿನ ರುಜು!

ಸಮಸ್ಯೆ ಕೊಟ್ಟವರು:

ಹಾಗಾದರೆ ಮುಂದಿನ ಸಮಸ್ಯೆ ಸಾಂಗತ್ಯದಲ್ಲೇ ಆಗಲಿ, ಮೊದಲ ಪಾದ ಕೊಟ್ಟಿದ್ದೇನೆ, ಉಳಿದ ಮೂರು ನಿಮ್ಮವು:

ಗಂಡನ ಹೆಸರಿಟ್ಟು ಹೆಂಡತಿ ನುಡಿದುದ

ಪ್ರಾಸ ಬಿಂದುವಿನ ಮುಂದಿನ ಡ, ವೃಷಭಪ್ರಾಸ. "ನಾಡು", "ಹಾಡು" ನಡೆಯುವುದಿಲ್ಲ. ಹಿಂಡು, ಮಂಡೆ ಖರ್ಚಾದವು. ಉಂಡು, ಕೆಂಡ, ದಂಡೆ, ಬಂಡಿ ಇನ್ನೂ ಇವೆ. ಅಕ್ಕಿಯ ಕಥೆ ತರುವವರು "ಉಂಡು"ವಿನಿಂದ ಶುರುಮಾಡಿ ನೋಡಿ.