ಕೊಬ್ಬಿನಾಮ್ಲ ಹೃದಯದ ಕೋಶದೊಳಗೆ ಹೋಗಲು ಪ್ರೋಟೀನ್ ಯಾಕೆ ಬೇಕು?

ಕೋಶ_ಕುತೂಹಲಿ:
ಎಲ್ಲರಿಗೂ ನಮಸ್ಕಾರ. ಬಿಎಸ್ಸಿಯಲ್ಲಿ ಜೀವರಸಾಯನಶಾಸ್ತ್ರ ಓದುತ್ತಿದ್ದೇನೆ. ಒಂದು ವಿಷಯ ಎಷ್ಟು ಓದಿದರೂ ತಲೆಗೆ ಹೋಗುತ್ತಿಲ್ಲ. ಹೃದಯದ ಸ್ನಾಯುಕೋಶಗಳು ತಮ್ಮ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ, ಸುಮಾರು ಶೇ. 60–70ರಷ್ಟನ್ನು, ಕೊಬ್ಬಿನಾಮ್ಲಗಳನ್ನು ಉರಿಸಿ ಪಡೆಯುತ್ತವೆ. ಸರಿ. ಕೋಶದ ಪೊರೆ ಅಂದರೆ ಎರಡು ಪದರ ಕೊಬ್ಬು. ಕೊಬ್ಬಿನಾಮ್ಲ ಕೊಬ್ಬಿನಲ್ಲಿ ಸಲೀಸಾಗಿ ಕರಗುತ್ತದೆ. ಹಾಗಿದ್ದ ಮೇಲೆ ತಾನಾಗಿಯೇ ಒಳಗೆ ಹೋಗಬಹುದು ಅಲ್ವಾ? ಗ್ಲೂಕೋಸ್ ನೀರಿನಲ್ಲಿ ಕರಗುವ ವಸ್ತು, ಅದನ್ನು ಪೊರೆ ದಾಟಿಸಲು ಗ್ಲೂಟ್4 ಅನ್ನುವ ಪ್ರೋಟೀನ್ ಬೇಕು ಅನ್ನುವುದು ಅರ್ಥವಾಗುತ್ತದೆ. ಕೊಬ್ಬಿನಾಮ್ಲಕ್ಕೂ ಸಿಡಿ36 ಅಂತ ಒಂದು ಪ್ರೋಟೀನ್ ಬೇಕು ಅಂತ ಒಂದು ಕಡೆ ಇದೆ, ಸುಮ್ನೆ ಹಾದುಹೋಗುತ್ತದೆ ಅಂತ ಇನ್ನೊಂದು ಕಡೆ ಇದೆ. ಯಾವುದನ್ನು ನಂಬಲಿ?

ಪೊರೆ_ಪ್ರಿಯ:
ಒಳ್ಳೆ ಪ್ರಶ್ನೆ. ಈ ಕ್ಷೇತ್ರದಲ್ಲಿ ಇರುವವರೇ ಇದರ ಬಗ್ಗೆ ವರ್ಷಗಟ್ಟಲೆ ಜಗಳವಾಡಿದ್ದಾರೆ.

ಮೊದಲು ಪೊರೆಯ ತನಕ ಅದು ಹೇಗೆ ಬರುತ್ತದೆ ನೋಡಿ. ರಕ್ತದಲ್ಲಿ ಕೊಬ್ಬಿನಾಮ್ಲ ಒಂಟಿಯಾಗಿ ತಿರುಗಾಡುವುದಿಲ್ಲ. ಹೆಚ್ಚುಕಮ್ಮಿ ಪೂರ್ತಿ ಆಲ್ಬುಮಿನ್ ಅನ್ನುವ ರಕ್ತದ ಪ್ರೋಟೀನ್‌ಗೆ ಅಂಟಿಕೊಂಡಿರುತ್ತದೆ, ಬಿಡಿಯಾಗಿ ಇರುವುದು ಶೇ. 0.1ಕ್ಕಿಂತಲೂ ಕಡಿಮೆ. ಇನ್ನೊಂದು ದಾರಿಯೂ ಇದೆ. ರಕ್ತದಲ್ಲಿ ಕೊಬ್ಬು ಹೊರುವ ಕೈಲೋಮೈಕ್ರಾನ್, ವಿಎಲ್‌ಡಿಎಲ್ ಕಣಗಳೊಳಗೆ ಟ್ರೈಗ್ಲಿಸರೈಡ್ (ಮೂರು ಕೊಬ್ಬಿನಾಮ್ಲ ಸೇರಿದ ಕೊಬ್ಬು) ರೂಪದಲ್ಲಿ ಬರುವುದು. ಆ ಕಣಗಳು ದೊಡ್ಡವು, ಒಳಗೆ ತೂರುವುದಿಲ್ಲ. ಅದಕ್ಕೆ ಲೋಮನಾಳದ ಒಳಗೋಡೆಯ ಮೇಲೆ ಲೈಪೋಪ್ರೋಟೀನ್ ಲೈಪೇಸ್ ಅನ್ನುವ ಕಿಣ್ವ ಕೂತು ಟ್ರೈಗ್ಲಿಸರೈಡ್ ಕತ್ತರಿಸಿ ಕೊಬ್ಬಿನಾಮ್ಲ ಬಿಡಿಸುತ್ತದೆ. ನನಗೆ ತುಂಬಾ ಇಷ್ಟವಾದ ಸಂಗತಿ ಅಂದರೆ, ಈ ಕಿಣ್ವವನ್ನು ತಯಾರಿಸುವುದು ರಕ್ತನಾಳ ಅಲ್ಲ, ಹೃದಯದ ಸ್ನಾಯುಕೋಶವೇ! ತಯಾರಿಸಿ ಹೊರಗೆ ಬಿಡುತ್ತದೆ, ಜಿಪಿಐಎಚ್‌ಬಿಪಿ1 ಅನ್ನುವ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದು ನಾಳದ ಗೋಡೆ ದಾಟಿಸಿ ರಕ್ತದ ಕಡೆಗೆ ತಂದು ಕೂರಿಸುತ್ತದೆ. ಈ ಜಿಪಿಐಎಚ್‌ಬಿಪಿ1 ಕೆಟ್ಟವರ ರಕ್ತದಲ್ಲಿ ಟ್ರೈಗ್ಲಿಸರೈಡ್ ವಿಪರೀತ ಏರಿ ಪ್ಲಾಸ್ಮಾ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಅಂದರೆ ಪೊರೆಯ ಪ್ರಶ್ನೆ ಬರುವ ಮೊದಲೇ ಇಷ್ಟು ಪ್ರೋಟೀನ್‌ಗಳು ಕೆಲಸ ಮಾಡಿರುತ್ತವೆ.

ಇನ್ನು ಪೊರೆಯ ವಿಷಯ. ಸಿಡಿ36 ಇಲ್ಲದ ಇಲಿಗಳ ಹೃದಯ ಕೊಬ್ಬಿನಾಮ್ಲವನ್ನು ಒಳಗೆ ತೆಗೆದುಕೊಳ್ಳುವುದು ಶೇ. 50–80ರಷ್ಟು ಕಡಿಮೆಯಾಯಿತು ಅನ್ನುವುದು ಇಲ್ಲೂ ಪ್ರೋಟೀನ್‌ನ ಪಾತ್ರ ಇದೆ ಅನ್ನುವುದಕ್ಕೆ ದೊಡ್ಡ ಸಾಕ್ಷಿ. ಹಾಗಾಗಿ ಪ್ರೋಟೀನ್ ಬೇಕೇ ಬೇಕು ಅನ್ನುವುದು ನನ್ನ ಉತ್ತರ.

ಮೈಟೋ_ಮಾತು:
ಪೊರೆ_ಪ್ರಿಯ ಅವರೇ, ಸಾಕ್ಷಿ ಸರಿ, ಆದರೆ ಅದರಿಂದ 'ಪೊರೆ ತಾನಾಗಿ ದಾಟಲಾಗದು' ಅನ್ನುವ ತೀರ್ಮಾನ ಬರುವುದಿಲ್ಲ. ಪ್ರೋಟೀನೇ ಇಲ್ಲದ, ಬರೀ ಫಾಸ್ಫೋಲಿಪಿಡ್‌ನಿಂದ (ಪೊರೆಯ ಕೊಬ್ಬಿನಿಂದ) ಮಾಡಿದ ಪುಟ್ಟ ಚೀಲಗಳಲ್ಲೂ ಕೊಬ್ಬಿನಾಮ್ಲ ಈ ಬದಿಯಿಂದ ಆ ಬದಿಗೆ ಪಲ್ಟಿ ಹೊಡೆಯುತ್ತದೆ, ಅದೂ ಒಂದು ಸೆಕೆಂಡಿನ ಒಳಗೆ. ನೋಡಿದ ರೀತಿಯೂ ಚೆನ್ನಾಗಿದೆ. ಕೊಬ್ಬಿನಾಮ್ಲದ ತಲೆಯಲ್ಲಿ ಋಣ ಆವೇಶ ಇರುತ್ತದೆ, ಆ ಆವೇಶ ಹೊತ್ತುಕೊಂಡು ಕೊಬ್ಬಿನ ನಡುಭಾಗ ದಾಟುವುದು ಕಷ್ಟ. ಒಂದು ಪ್ರೋಟಾನ್ ಹಿಡಿದುಕೊಂಡರೆ ಆವೇಶ ಹೋಗುತ್ತದೆ, ತಕ್ಷಣ ಪಲ್ಟಿಯಾಗುತ್ತದೆ, ಆ ಕಡೆ ಹೋಗಿ ಪ್ರೋಟಾನ್ ಬಿಡುತ್ತದೆ. ಹಾಗಾಗಿ ಚೀಲದೊಳಗೆ ಪಿಎಚ್ ಚೂರು ಇಳಿಯುತ್ತದೆ. ಪಿಎಚ್‌ಗೆ ತಕ್ಕಂತೆ ಹೊಳಪು ಬದಲಾಗುವ ಬಣ್ಣವನ್ನು ಮೊದಲೇ ಚೀಲದೊಳಗೆ ತುಂಬಿಟ್ಟರೆ ಈ ಇಳಿಕೆ ಕಣ್ಣಿಗೆ ಕಾಣುತ್ತದೆ.

ಹಾಗಾದರೆ ಇಲಿಗಳಲ್ಲಿ ಯಾಕೆ ಕಡಿಮೆಯಾಯಿತು? ದಾಟುವುದು ಒಂದು ಹಂತ ಅಷ್ಟೇ. ದಾಟಿದ್ದು ಹಾಗೇ ವಾಪಸ್ ಹೋಗಬಹುದು. ಒಳಗೆ ಎಫ್‌ಎಬಿಪಿ3 ಅನ್ನುವ ಪ್ರೋಟೀನ್ ಅದನ್ನು ಎತ್ತಿಕೊಂಡು ಹೋಗಬೇಕು, ಎಸಿಎಸ್‌ಎಲ್1 ಅನ್ನುವ ಕಿಣ್ವ ಅದಕ್ಕೆ ಕೋಎನ್‌ಜೈಮ್ ಎ ಅನ್ನುವ ಅಣುವನ್ನು ಅಂಟಿಸಬೇಕು. ಅಂಟಿಸಿದ ಮೇಲೆ ಅದು ಪೊರೆ ದಾಟಿ ಹೊರಗೆ ಹೋಗಲಾರದು, ಕೋಶದೊಳಗೇ ಉಳಿಯುತ್ತದೆ. ಸಿಡಿ36ನ ಹೊರಭಾಗದಲ್ಲಿ ಕೊಬ್ಬಿನಾಮ್ಲ ಕೂರುವಂಥ ಪೊಟರೆ ಇದೆ. ಅದು ಹೊರಗೆ ಹಿಡಿದು ಪೊರೆಗೆ ಒಪ್ಪಿಸುತ್ತದೆ, ಪಲ್ಟಿ ಹೊಡೆಯುವುದು ಕೊಬ್ಬಿನಾಮ್ಲವೇ. ಎರಡೂ ಒಟ್ಟಿಗೆ ನಡೆಯಬಹುದು, ಒಂದನ್ನು ಒಪ್ಪಿದರೆ ಇನ್ನೊಂದನ್ನು ಬಿಡಬೇಕಿಲ್ಲ.

ಪೊರೆ_ಪ್ರಿಯ:
ಅದನ್ನು ಒಪ್ಪುತ್ತೇನೆ. 'ಬೇಕೇ ಬೇಕು' ಅಂದಿದ್ದು ದಾಟಿಸುವುದಕ್ಕೆ ಅಂತಲ್ಲ, ಹೃದಯಕ್ಕೆ ಸಾಕಾಗುವಷ್ಟು ಒಳಗೆ ಬರುವುದಕ್ಕೆ.

ಎದೆ_ಬಡಿತ:
ಇಬ್ಬರೂ ಮುಖ್ಯವಾದ ಒಂದು ವಿಷಯ ಬಿಟ್ಟಿದ್ದೀರಿ, ಅದು ನಿಯಂತ್ರಣ. ಸುಮ್ನೆ ಪಲ್ಟಿ ಹೊಡೆದು ಬರುವುದಷ್ಟೇ ಇದ್ದಿದ್ದರೆ ಹೃದಯಕ್ಕೆ ತನ್ನ ಇಂಧನದ ಮೇಲೆ ಹಿಡಿತವೇ ಇರುತ್ತಿರಲಿಲ್ಲ, ರಕ್ತದಲ್ಲಿ ಎಷ್ಟಿದೆಯೋ ಅದಕ್ಕೆ ತಕ್ಕಷ್ಟು ಒಳಗೆ ಬರುತ್ತಿತ್ತು. ಕೋಶದಲ್ಲಿರುವ ಸಿಡಿ36ನಲ್ಲಿ ಒಂದು ಪಾಲು ಮೇಲ್ಮೈಯಲ್ಲಿ ಇರುತ್ತದೆ, ಉಳಿದದ್ದು ಒಳಗೆ ಎಂಡೋಸೋಮ್ ಅನ್ನುವ ಪುಟ್ಟ ಚೀಲಗಳಲ್ಲಿ ಕಾದು ಕೂತಿರುತ್ತದೆ. ಹೃದಯ ಜೋರಾಗಿ ಬಡಿಯತೊಡಗಿದರೆ ಎಎಂಪಿಕೆ (ಕೋಶದಲ್ಲಿ ಶಕ್ತಿ ಕಡಿಮೆಯಾದುದನ್ನು ಗುರುತಿಸುವ ಕಿಣ್ವ) ಮೂಲಕ, ಊಟವಾದ ಮೇಲೆ ಇನ್ಸುಲಿನ್ ಮೂಲಕ ಸಂಕೇತ ಹೋಗಿ ಒಳಗಿನದ್ದು ಮೇಲೆ ಬರುತ್ತದೆ. ಜನ ಜಾಸ್ತಿಯಾದಾಗ ಇನ್ನೆರಡು ಕೌಂಟರ್ ತೆರೆದ ಹಾಗೆ. ಗ್ಲೂಟ್4 ಕೂಡ ಹೆಚ್ಚುಕಮ್ಮಿ ಹೀಗೆಯೇ ಮೇಲೆ ಬರುತ್ತದೆ.

ಇದು ಕೈಕೊಟ್ಟಾಗ ಏನಾಗುತ್ತದೆ ಅನ್ನುವುದೇ ನನಗೆ ಆತಂಕದ ವಿಷಯ. ಕೊಬ್ಬು ಬಹಳ ಕಾಲ ಜಾಸ್ತಿ ಸಿಕ್ಕರೆ ಎಂಡೋಸೋಮ್‌ಗಳು ತಮ್ಮ ಆಮ್ಲೀಯತೆ ಕಳೆದುಕೊಳ್ಳುತ್ತವೆ, ಸಿಡಿ36 ಅಲ್ಲಿ ನಿಲ್ಲದೆ ಮೇಲ್ಮೈಗೆ ಬಂದು ಅಲ್ಲೇ ಉಳಿದುಬಿಡುತ್ತದೆ. ಆಮೇಲೆ ಕೊಬ್ಬಿನಾಮ್ಲ ಬರುತ್ತಲೇ ಇರುತ್ತದೆ, ಉರಿಸುವುದಕ್ಕಿಂತ ಜಾಸ್ತಿ. ಮಿಕ್ಕಿದ್ದು ಟ್ರೈಗ್ಲಿಸರೈಡ್, ಡೈಅಸೈಲ್‌ಗ್ಲಿಸರಾಲ್, ಸೆರಮೈಡ್ ಅನ್ನುವ ಕೊಬ್ಬುಗಳಾಗಿ ಶೇಖರವಾಗುತ್ತದೆ. ಕೊನೆಯ ಎರಡು ಇನ್ಸುಲಿನ್ ಸಂಕೇತಕ್ಕೇ ಅಡ್ಡ ಬರುತ್ತವೆ, ಗ್ಲೂಟ್4 ಮೇಲೆ ಬರುವುದು ಕಡಿಮೆಯಾಗುತ್ತದೆ, ಹೃದಯ ಇನ್ನಷ್ಟು ಕೊಬ್ಬಿಗೇ ಜೋತುಬೀಳುತ್ತದೆ. ಕೊಬ್ಬಿನಿಂದ ಒಂದೊಂದು ಎಟಿಪಿ ಪಡೆಯಲು ಗ್ಲೂಕೋಸ್‌ಗಿಂತ ಆಮ್ಲಜನಕ ಸ್ವಲ್ಪ ಜಾಸ್ತಿ ಬೇಕು. ರಕ್ತ ಪೂರೈಕೆ ಚೆನ್ನಾಗಿದ್ದಾಗ ಅದು ಲೆಕ್ಕಕ್ಕಿಲ್ಲ, ನಾಳ ಕಟ್ಟಿಕೊಂಡಾಗ ಅದೇ ತೊಂದರೆ.

ಕೋಶ_ಕುತೂಹಲಿ:
ತುಂಬಾ ಧನ್ಯವಾದ, ಈಗ ಹಿಡಿ ಸಿಕ್ಕಿತು. ಇನ್ನೊಂದೇ ಪ್ರಶ್ನೆ. ಸಿಡಿ36 ಇಲ್ಲದ ಮನುಷ್ಯರು ಇದ್ದಾರಾ? ಇದ್ದರೆ ಅವರ ಹೃದಯ ಹೇಗೆ ನಡೆಯುತ್ತದೆ?

ಪೊರೆ_ಪ್ರಿಯ:
ಇದ್ದಾರೆ. ಜಪಾನ್‌ನಲ್ಲಿ ಇಂಥವರು ಸಾಕಷ್ಟು ಮಂದಿ ಪತ್ತೆಯಾಗಿದ್ದಾರೆ. ಅಲ್ಲಿ ಹೃದಯದ ಸ್ಕ್ಯಾನ್‌ಗೆ ಬಿಎಂಐಪಿಪಿ ಅನ್ನುವ ವಿಕಿರಣಶೀಲ ಅಯೋಡಿನ್ ಸೇರಿಸಿದ ಕೊಬ್ಬಿನಾಮ್ಲ ಬಳಸುತ್ತಾರೆ. ಅದರ ಸರಪಳಿಯಲ್ಲಿ ಒಂದು ಕವಲು ಇರುವುದರಿಂದ ಬೇಗ ಉರಿಯದೆ ಕೋಶದಲ್ಲಿ ಉಳಿಯುತ್ತದೆ, ಚಿತ್ರ ತೆಗೆಯಲು ಸಮಯ ಸಿಗುತ್ತದೆ. ಸಿಡಿ36 ಪೂರ್ತಿ ಇಲ್ಲದವರ ಚಿತ್ರದಲ್ಲಿ ಹೃದಯ ಇರಬೇಕಾದ ಜಾಗ ಖಾಲಿ ಕಾಣುತ್ತದೆ. ಆದರೂ ಅವರಲ್ಲಿ ಹಲವರು ಮಾಮೂಲಿಯಾಗಿ ಓಡಾಡಿಕೊಂಡೇ ಇರುತ್ತಾರೆ, ಹೃದಯ ಗ್ಲೂಕೋಸ್ ಕಡೆಗೆ ಹೆಚ್ಚು ವಾಲಿ ಕೆಲಸ ನಡೆಸುತ್ತದೆ.

ಮೈಟೋ_ಮಾತು:
ಇದಕ್ಕೆ ಒಂದು ಸೇರಿಸುತ್ತೇನೆ. ಮೇಲೆ ಹೇಳಿದ್ದೆಲ್ಲ ಉದ್ದ ಸರಪಳಿಯ ಕೊಬ್ಬಿನಾಮ್ಲದ ಕಥೆ. 8–10 ಕಾರ್ಬನ್‌ನ ಮಧ್ಯಮ ಸರಪಳಿಯವು ಸಿಡಿ36ನ ಹಂಗಿಲ್ಲದೆ ಒಳಗೆ ಹೋಗುತ್ತವೆ, ಅವುಗಳನ್ನು ಉರಿಸುವ ಮೈಟೊಕಾಂಡ್ರಿಯಾ ಸೇರಲು ಸಿಪಿಟಿ1 ಅನ್ನುವ ಕಿಣ್ವದ ಬಾಗಿಲನ್ನೂ ಹೆಚ್ಚಾಗಿ ಕಾಯುವುದಿಲ್ಲ. ರಕ್ತದೊತ್ತಡ ತಾನಾಗಿ ಏರುವ ಒಂದು ಇಲಿ ತಳಿಯಲ್ಲಿ ಸಿಡಿ36 ಕೆಟ್ಟಿರುತ್ತದೆ, ಹೃದಯ ದಪ್ಪಗಾಗುತ್ತದೆ. ಅವುಗಳಿಗೆ ಮಧ್ಯಮ ಸರಪಳಿಯ ಕೊಬ್ಬು ತಿನ್ನಿಸಿದಾಗ ಹೃದಯ ದಪ್ಪಗಾಗುವುದು ಕಡಿಮೆಯಾಯಿತು. ನೀವು ಮೊದಲು ಕೇಳಿದ 'ತಾನಾಗಿಯೇ ಹೋಗಬಹುದಲ್ವಾ' ಅನ್ನುವುದಕ್ಕೆ ಇವುಗಳ ವಿಷಯದಲ್ಲಿ ಹೌದು ಅನ್ನಬಹುದು.